ಕೈ ಹಿಡಿದು ಮಾಡಿಸೋ ಕೆಲಸಕ್ಕೆ ಆನ್‌ಲೈನ್ ಸಭೆ ಯಾಕೆ ಅಂತ ಕೇಳುವವರಿಗೆ

"ರೋಗಿ ಕೈ ಹಿಡಿದು ಮಾಡಿಸೋ ಕೆಲಸ ನಿಮ್ಮದು. ಕಂಪ್ಯೂಟರ್ ಮುಂದೆ ಕೂತು ಅದೇನು ಮಾತಾಡ್ತೀರಿ?"

ನಾನು ಮಂಡ್ಯದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್. ಅಂದರೆ ಕಾಯಿಲೆ, ಗಾಯ ಆದವರಿಗೆ ಉಣ್ಣುವುದು, ಉಡುವುದು ಥರದ ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವವಳು. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಕಡೆ ಇದೇ ಕೆಲಸ ಮಾಡುವ ನಾವೊಂದಿಷ್ಟು ಜನ ತಿಂಗಳಿಗೊಂದು ಭಾನುವಾರ ಸಂಜೆ ವಿಡಿಯೊ ಕರೆಯಲ್ಲಿ ಸೇರುತ್ತೇವೆ. ಆ ಹೊತ್ತಿಗೆ ಮನೆಗೆ ನೆಂಟರು ಬಂದರೂ ಸರಿ, ಯಾರಾದರೂ ಫೋನ್ ಮಾಡಿದರೂ ಸರಿ, ಈ ಪ್ರಶ್ನೆ ಬಂದೇ ಬರುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪ್ರಶ್ನೆಗಿಂತ ಅದನ್ನು ಕೇಳುವ ರೀತಿ ನನಗೆ ಜಾಸ್ತಿ ಕಿರಿಕಿರಿ. ಡಾಕ್ಟರುಗಳು ದೊಡ್ಡ ಹೋಟೆಲಿನಲ್ಲಿ ಸಮ್ಮೇಳನ ಮಾಡಿದರೆ "ಅಲ್ಲಿ ಏನ್ ಮಾತಾಡ್ತೀರಿ" ಅಂತ ಯಾರೂ ಕೇಳುವುದಿಲ್ಲ. ನಮ್ಮನ್ನು ಕೇಳುತ್ತಾರೆ. ಕೇಳಿದ ಮೇಲೆ ಇನ್ನೊಂದು ಸೇರಿಸುತ್ತಾರೆ: "ಇದು ಹೊಸ ಕೋರ್ಸಾ ಮೇಡಂ?" ಹೊಸದಲ್ಲ. ಕಮಲಾ ನಿಂಬ್ಕರ್ ಅನ್ನುವವರು ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಈ ವಿದ್ಯೆ ಕಲಿಸುವ ಶಾಲೆ ಶುರು ಮಾಡಿದ್ದು 1950ರಲ್ಲಿ. ನಮ್ಮ ಅಖಿಲ ಭಾರತ ಸಂಘ ಹುಟ್ಟಿದ್ದು 1952ರಲ್ಲಿ. ಅದೇ ವರ್ಷ ಹತ್ತು ದೇಶಗಳ ಸಂಘಗಳು ಸೇರಿ ವಿಶ್ವ ಒಕ್ಕೂಟ ಕಟ್ಟಿದಾಗ ಅದರಲ್ಲಿ ಭಾರತವೂ ಇತ್ತು. ಇಷ್ಟು ಹಳೆಯ ಕೆಲಸ ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಹೊಸದು ಅನ್ನಿಸಿಕೊಳ್ಳುವುದು ನನಗೆ ನೋವಿನ ವಿಷಯ.

"ಓ, ಫಿಸಿಯೋನಾ?" ಅನ್ನುವುದಕ್ಕೂ ಇಲ್ಲೇ ಹೇಳಿಬಿಡುತ್ತೇನೆ. ಲಕ್ವ ಹೊಡೆದವರ ಕಾಲಿಗೆ ಬಲ ಬರಿಸಿ ನಡೆಸುವುದರಲ್ಲಿ ಫಿಸಿಯೋಥೆರಪಿಸ್ಟ್ ದೊಡ್ಡ ಕೆಲಸ ಮಾಡುತ್ತಾರೆ. ಆ ರೋಗಿ ನಡೆದು ಬಚ್ಚಲಿಗೆ ಹೋಗಬೇಕು, ತಾವೇ ಸ್ನಾನ ಮಾಡಬೇಕು, ಒಂದೇ ಕೈಯಲ್ಲಿ ಅಂಗಿ ಹಾಕಿಕೊಳ್ಳಬೇಕು, ಉಣ್ಣಬೇಕು, ಸಾಧ್ಯವಾದರೆ ತಮ್ಮ ಕೆಲಸಕ್ಕೆ ಮರಳಬೇಕು. ಅದನ್ನು ಹಿಡಿದು ಕೂರುವವರು ನಾವು. ಅಂಗಿ ಹಾಕುವಾಗ ಸ್ವಾಧೀನ ಇಲ್ಲದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಕೇಳಲು ಇಷ್ಟೇ. ಇದು ಗೊತ್ತಿಲ್ಲದೆ ಆ ತೋಳನ್ನು ಹಿಡಿದು ಎಳೆದೂ ಎಳೆದೂ ಭುಜದ ಕೀಲು ಸಡಿಲವಾಗಿ, ರಾತ್ರಿಯೆಲ್ಲ ನೋವಿನಲ್ಲಿ ನರಳುವವರನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಈಗ ಉತ್ತರಕ್ಕೆ ಬರುತ್ತೇನೆ.

ನಮ್ಮ ಕಡೆ ಒಂದೊಂದು ಊರಿಗೆ ನಾವು ಒಬ್ಬೊಬ್ಬರೇ. ಎಷ್ಟೋ ತಾಲ್ಲೂಕಿನಲ್ಲಿ ಆ ಒಬ್ಬರೂ ಇಲ್ಲ. ಮಡಿಕೇರಿಯಿಂದ ಮೈಸೂರಿಗೆ ಬಂದು ಹೋಗಬೇಕೆಂದರೆ ಒಂದು ದಿನವೇ ಬೇಕು. ಒಂದು ಕೇಸು ತಲೆ ತಿನ್ನುತ್ತಿದ್ದರೆ ಯಾರನ್ನು ಕೇಳಬೇಕು? ಪುಸ್ತಕ ಇದೆ. ಆದರೆ ಆ ಪುಸ್ತಕ ಬರೆದವರ ಮನೆಯಲ್ಲಿ ಮಂಚ ಎತ್ತರಕ್ಕಿದೆ, ಕಮೋಡ್ ಇದೆ, ಊಟಕ್ಕೆ ಮುಳ್ಳುಚಮಚ ಇದೆ. ನಮ್ಮ ಮನೆಗಳಲ್ಲಿ ನೆಲದ ಮೇಲಿನ ಚಾಪೆ, ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ, ತಟ್ಟೆಯಲ್ಲಿ ಮುದ್ದೆ. ಈ ಎರಡರ ನಡುವಿನ ದಾರಿಯನ್ನು ನಾವೇ ಹುಡುಕಿಕೊಳ್ಳಬೇಕು. ಒಬ್ಬರು ಹುಡುಕಿದ್ದು ಉಳಿದವರಿಗೆ ಸಿಗಬೇಕು. ಅದಕ್ಕೇ ಸೇರುತ್ತೇವೆ.

ಹೊಸ್ತಿಲಿನ ವಿಷಯ ನೋಡಿ. ಗಾಲಿಕುರ್ಚಿ ದಾಟಲು ಹೊಸ್ತಿಲಿಗೆ ಇಳಿಜಾರು ಮಾಡಿಸಿ ಅಂತ ಹೇಳುವುದು ಸುಲಭ. ಹೊಸ್ತಿಲನ್ನು ತುಳಿಯಬಾರದು ಅನ್ನುವ ಮನೆಗೆ ಹೋಗಿ ಅದರ ಮೇಲೆ ಸಿಮೆಂಟ್ ಹಾಕಿಸಿ ಅಂದರೆ ಒಪ್ಪುತ್ತಾರಾ? ಒಪ್ಪಬೇಕು ಅಂತ ನಾನೂ ಹೇಳಲಾರೆ. ದಿನಾ ಬೆಳಗ್ಗೆ ಅರಿಶಿನ ಕುಂಕುಮ ಇಡುವ ಜಾಗ ಅದು. ಚಾಮರಾಜನಗರದ ಸಹೋದ್ಯೋಗಿ ಒಬ್ಬರು ಅಂಥ ಮನೆಯ ಅಜ್ಜಿಯೊಬ್ಬರಿಗೆ ಎತ್ತಿಡಬಹುದಾದ ಮರದ ಹಲಗೆ ಮಾಡಿಸಿದರು. ಅದು ಹೊಸ್ತಿಲಿಗೆ ತಾಕುವುದಿಲ್ಲ. ಆಚೆ ಈಚೆ ಊರಿಕೊಂಡು ಮೇಲೆ ಹಾದುಹೋಗುತ್ತದೆ. ಪೂಜೆ ಆದ ಮೇಲೆ ಹಾಕುತ್ತಾರೆ, ರಾತ್ರಿ ತೆಗೆದು ಗೋಡೆಗೆ ಒರಗಿಸುತ್ತಾರೆ. ಆ ಅಜ್ಜಿ ಈಗ ಜಗಲಿಗೆ ಬಂದು ಕೂರುತ್ತಾರೆ. ಅವತ್ತು ಆ ಹಲಗೆಯ ಉದ್ದ, ಇಳಿಜಾರು, ಕೆಳಗೆ ಜಾರದ ಹಾಗೆ ಬಡಿದ ರಬ್ಬರು, ಇದರ ಬಗ್ಗೆಯೇ ಅರ್ಧ ಸಂಜೆ ಮಾತಾಡಿದೆವು. ಯಾವ ಪುಸ್ತಕದಲ್ಲಿದೆ ಇದು?

ಆಲೆಮನೆಯ ಗಾಯಗಳೂ ಹಾಗೆಯೇ. ಪಾಂಡವಪುರ, ಮದ್ದೂರು ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಾಣಕ್ಕೆ ಕಬ್ಬು ಕೊಡುವಾಗ ಉರುಳೆಗಳ ನಡುವೆ ಕೈ ಸಿಕ್ಕಿಕೊಳ್ಳುತ್ತದೆ. ಬೆರಳಿನ ನರ ಕಟ್ಟಾಯಿತು ಅಂತಾರಲ್ಲ, ಅದು ಎಷ್ಟೋ ಸಲ ನರವಲ್ಲ, ಬೆರಳು ಮಡಿಸುವ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ. ಸರ್ಜನ್ ಚೆನ್ನಾಗಿ ಹೊಲಿದು ಕಳಿಸಿರುತ್ತಾರೆ. ಆಮೇಲಿನ ಸುಮಾರು 6 ವಾರ ಬಹಳ ನಾಜೂಕು. ಭಾರ ಎತ್ತಿದರೆ ಹೊಲಿಗೆ ಕಿತ್ತುಹೋಗುತ್ತದೆ. ಏನೂ ಮಾಡದೆ ಕಟ್ಟಿಟ್ಟರೆ ರಜ್ಜು ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಬೆರಳು ಬಿಗಿದುಕೊಳ್ಳುತ್ತದೆ. ಯಾವ ದಿನದಿಂದ, ಎಷ್ಟು ಆಡಿಸಬೇಕು ಅನ್ನುವುದನ್ನು ಹೊಲಿದ ಸರ್ಜನ್ ಜೊತೆ ಮಾತಾಡಿಯೇ ಗೊತ್ತುಮಾಡಬೇಕು. ಕೈಯನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ ಆಧಾರಪಟ್ಟಿ, ಅಂದರೆ ಸ್ಪ್ಲಿಂಟ್, ಬೇಕು. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯನ್ನು ಕೈ ಮೇಲೆ ಇಟ್ಟು ಅದೇ ಆಕಾರಕ್ಕೆ ಒತ್ತಿ ಮಾಡುತ್ತೇವೆ. ಹಾಳೆಯ ಬೆಲೆ ಜಾಸ್ತಿ. ಸಣ್ಣ ಊರಲ್ಲಿ ಸಿಗುವುದಿಲ್ಲ. ಪಿ.ವಿ.ಸಿ. ಪೈಪ್ ಸೀಳಿ, ಬಿಸಿ ಮಾಡಿ, ಮೊದಲೇ ತೆಗೆದುಕೊಂಡ ಅಳತೆಗೆ ಬಗ್ಗಿಸಿ, ಆರಿದ ಮೇಲೆ ಒಳಗೆ ಮೆತ್ತೆ ಅಂಟಿಸಿ ಕೊಡುವವರು ನಮ್ಮಲ್ಲಿದ್ದಾರೆ. ಅವರು ತಮ್ಮ ಕೈಯನ್ನೇ ಕ್ಯಾಮೆರಾ ಮುಂದೆ ಇಟ್ಟು ಕೋನ ತೋರಿಸುತ್ತಾರೆ. ನಾವು ಇಲ್ಲಿಂದಲೇ "ಮಣಿಕಟ್ಟು ಇನ್ನೊಂದು ಚೂರು ಕೆಳಕ್ಕೆ" ಅನ್ನುತ್ತೇವೆ. ಆನ್‌ಲೈನ್‌ನಲ್ಲಿ ಆಗುತ್ತಾ ಅಂದರೆ, ಆಗುತ್ತೆ. ಹೀಗೆ ಆಗುತ್ತೆ.

ರೋಗಿಯ ಹೆಸರು ಅಲ್ಲಿ ಹೇಳುವುದಿಲ್ಲ. ಮುಖ ತೋರಿಸುವುದಿಲ್ಲ. ಅವರನ್ನು ಕೇಳದೆ ಒಂದು ಫೋಟೋವನ್ನೂ ತರುವುದಿಲ್ಲ. ಇದು ನಮ್ಮ ಮೊದಲ ಕಟ್ಟುಪಾಡು.

ಇನ್ನು, ಈ ಬರಹ ಬರೆಯಲೇಬೇಕು ಅನ್ನಿಸಿದ ದಿನದ ಬಗ್ಗೆ.

ನಮ್ಮ ಸಂಬಂಧಿಕರ ಮನೆಯ ಬೀಗರೂಟ. ಮಂಡ್ಯದ ಬೀಗರೂಟ ಅಂದರೆ ಗೊತ್ತಲ್ಲ, ಎಲೆ ತುಂಬ ಮುದ್ದೆ, ಬೋಟಿ ಗೊಜ್ಜು, ಸಾರು, ಬಡಿಸುವವರ ಕೂಗು. ನನ್ನ ಎದುರಿನ ಸಾಲಿನಲ್ಲಿ ದೊಡ್ಡಪ್ಪನ ವರಸೆಯವರೊಬ್ಬರು ಕೂತಿದ್ದರು. ಲಕ್ವ ಹೊಡೆದು ಬಲಗೈ ಸ್ವಾಧೀನ ಇಲ್ಲ. ದೊಡ್ಡಮ್ಮ ಮುದ್ದೆ ಮುರಿದು, ಸಾರಿಗೆ ಅದ್ದಿ, ಅವರ ಬಾಯಿಗೆ ಇಡುತ್ತಿದ್ದರು. ಪಕ್ಕದಲ್ಲಿದ್ದ ಭಾವ ನನ್ನನ್ನು ಕೇಳಿದರು: "ಅಲ್ಲ ಕಣವ್ವಾ, ಕೈಗೆ ಕೆಲ್ಸ ಕಲ್ಸೋಳು ನೀನು. ಭಾನ್ವಾರ್ದಲ್ಲಿ ಕಂಪ್ಯೂಟ್ರು ಮುಂದೆ ಕೂತ್ಕಂಡು ಏನ್ ಮಾಡ್ತಿಯೇ?"

ನಾಲ್ಕು ಜನ ನಕ್ಕರು. ನನಗೆ ನಗು ಬರಲಿಲ್ಲ. ಯಾಕೆಂದರೆ ಹಿಂದಿನ ಭಾನುವಾರ ನಾವು ಮಾತಾಡಿದ್ದು ಆ ಎಲೆಯ ಮುಂದೆ ನಡೆಯುತ್ತಿದ್ದ ವಿಷಯವನ್ನೇ.

ಬಲಗೈ ಹೋದರೆ ಎಡಗೈಯಲ್ಲಿ ಉಣ್ಣುವುದನ್ನು ಕಲಿಸಿ ಅಂತ ಪುಸ್ತಕ ಹೇಳುತ್ತದೆ. ಮನೆಯೊಳಗೆ ಹೇಗೋ ಕಲಿಯುತ್ತಾರೆ. ಆದರೆ ನಾಲ್ಕು ಜನರ ಪಂಕ್ತಿಯಲ್ಲಿ ಎಡಗೈಯಲ್ಲಿ ಉಣ್ಣಲು ನಮ್ಮ ಹಿರಿಯರು ಒಪ್ಪುವುದಿಲ್ಲ. ಅವಮಾನ ಅಂದುಕೊಳ್ಳುತ್ತಾರೆ. ಹೆಂಡತಿ ತಿನ್ನಿಸಿದರೂ ಅವಮಾನ. ಕೊನೆಗೆ ಮದುವೆಗೆ ಹೋಗುವುದನ್ನೇ ಬಿಡುತ್ತಾರೆ. ಆಮೇಲೆ ಹಬ್ಬ, ತಿಥಿ, ಜಾತ್ರೆ ಎಲ್ಲ ಬಿಡುತ್ತಾರೆ. ಲಕ್ವ ಹೊಡೆದದ್ದು ಒಂದು ಕೈಗೆ. ಮನುಷ್ಯ ಪೂರ್ತಿ ಮನೆಯೊಳಗೆ ಸೇರಿಬಿಡುತ್ತಾನೆ.

ಇದಕ್ಕೆ ಏನು ಮಾಡಬಹುದು ಅಂತ ಅವತ್ತು ಒಬ್ಬೊಬ್ಬರೂ ತಮ್ಮ ಅನುಭವ ಹೇಳಿದರು. ಅಂಗೈ ಸುತ್ತ ಒಂದು ಪಟ್ಟಿ ಕಟ್ಟಿ, ಅದಕ್ಕೆ ಚಮಚ ಸಿಕ್ಕಿಸಿ, ಎಡಗೈಯಿಂದ ಬಲಗೈಯನ್ನು ಎತ್ತಿ ಬಾಯಿಗೆ ತರುವುದು ಒಂದು ದಾರಿ. ಭುಜದಲ್ಲಿ ಸ್ವಲ್ಪವಾದರೂ ಬಲ ಬಂದವರಿಗೆ ಇದು ಆಗುತ್ತದೆ. ಬೆರಳು ಸ್ವಲ್ಪ ಮಡಿಚುವವರಿಗೆ ಚಮಚದ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಟ್ಟರೆ ಸಾಕು. ಮೈಸೂರಿನ ಒಬ್ಬರು ಬೇರೆಯದೇ ಹೇಳಿದರು: ಮೊದಲು ಮನೆಯವರ ಮನಸ್ಸು ಸರಿಮಾಡಿ, ಮೊಮ್ಮಕ್ಕಳ ಜೊತೆ ಕೂರಿಸಿ ಎಡಗೈಯಲ್ಲಿ ಉಣ್ಣಿಸಿ, ಆಮೇಲೆ ಹೊರಗಿನ ಪಂಕ್ತಿ. ನನಗೆ ಹಿಡಿಸಿದ್ದು ಇದು.

ಮುದ್ದೆ ಬಗ್ಗೆಯೂ ಎಚ್ಚರ ಬೇಕು. ಅದನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಲಕ್ವ ಆದವರಿಗೆ ನುಂಗುವ ಶಕ್ತಿಯೂ ಕುಗ್ಗಿರಬಹುದು. ಊಟ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ನುಂಗುವುದನ್ನು ಪರೀಕ್ಷೆ ಮಾಡಿಸದೆ ಮುದ್ದೆ ಕೊಡಬೇಡಿ. ಇದಕ್ಕೆ ಮಾತಿನ ಜೊತೆ ನುಂಗುವುದನ್ನೂ ನೋಡಿಕೊಳ್ಳುವ ವಾಕ್ ಚಿಕಿತ್ಸಕರನ್ನು (ಸ್ಪೀಚ್ ಥೆರಪಿಸ್ಟ್) ನೋಡಬೇಕು. 1965ರಲ್ಲಿ ಶುರುವಾಗಿ ದೇಶಕ್ಕೆಲ್ಲ ಅಂಥವರನ್ನು ತಯಾರು ಮಾಡುತ್ತಿರುವ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ. ದೊಡ್ಡಪ್ಪನಿಗೆ ಆ ಪರೀಕ್ಷೆ ಆಗಿತ್ತು. ನಾನು ಮೊದಲು ಕೇಳಿದ್ದೇ ಅದನ್ನು.

ಊಟ ಮುಗಿದ ಮೇಲೆ ಜನ ದೊಡ್ಡಪ್ಪನ ಸುತ್ತ ಸೇರಿದರು. "ಹೆಂಗವ್ರೆ ಈಗ?" ಅಂತ ದೊಡ್ಡಮ್ಮನನ್ನು ಕೇಳಿದರು. "ಮಾತಾಡ್ತಾರಾ?" ಅಂತಲೂ ಅವರನ್ನೇ ಕೇಳಿದರು. ದೊಡ್ಡಪ್ಪ ಅಲ್ಲೇ ಕುರ್ಚಿಯಲ್ಲಿದ್ದರು. ಬಲಗೈ ಹೋದವರಲ್ಲಿ ಮಾತೂ ತೊಡರುವುದು ಜಾಸ್ತಿ. ಬಲಗಡೆಯ ಮೈಯನ್ನೂ, ಬಹುತೇಕರಲ್ಲಿ ಮಾತನ್ನೂ, ಮೆದುಳಿನ ಎಡಭಾಗ ನೋಡಿಕೊಳ್ಳುತ್ತದೆ. ಮಾತು ತಡವಾಗುತ್ತೆ ಅಂತ ಜನ ಅವರ ಕಡೆ ತಿರುಗುವುದನ್ನೇ ಬಿಟ್ಟಿದ್ದರು.

ನನ್ನ ಭಾನುವಾರದ ಬಗ್ಗೆ ಕೇಳುವ ಬದಲು ಜನ ನನ್ನನ್ನು ಒಂದು ಮಾತು ಕೇಳಬೇಕಿತ್ತು. "ಇವರಿಗೆ ಏನು ಮಾಡಬೇಕು ಅಂತ ಆಸೆ ಇದೆ, ಅದಕ್ಕೆ ನಾವೇನು ಮಾಡೋಣ?" ನಮ್ಮ ಕೆಲಸ ಶುರುವಾಗುವುದೇ ಅಲ್ಲಿಂದ. ಕೈ ಎಷ್ಟು ಮೇಲೆ ಏಳುತ್ತದೆ, ಬೆರಳಿಗೆ ಎಷ್ಟು ಬಲ ಇದೆ, ಅವೆಲ್ಲ ಆಮೇಲೆ. ಒಬ್ಬರಿಗೆ ಮಲ್ಲಿಗೆ ಹೂ ಕಟ್ಟಬೇಕು. ಇನ್ನೊಬ್ಬರಿಗೆ ಮುದ್ದೆ ಕೋಲು ಹಿಡಿಯಬೇಕು. ಒಬ್ಬ ಹುಡುಗನಿಗೆ ಶಾಲೆಯಲ್ಲಿ ಬೇರೆ ಮಕ್ಕಳ ಹಾಗೆ ತನ್ನ ಡಬ್ಬಿಯ ಮುಚ್ಚಳ ತಾನೇ ತೆಗೆಯಬೇಕು. ಆ ಆಸೆ ಗೊತ್ತಾಗದೆ ನಾನು ಸುಮ್ನೆ ಚೆಂಡು ಹಿಸುಕಿಸುತ್ತಾ ಕೂತರೆ ಅದು ಚಿಕಿತ್ಸೆಯೇ ಅಲ್ಲ.

ನಾನು ಕುರ್ಚಿ ಎಳೆದುಕೊಂಡು ದೊಡ್ಡಪ್ಪನ ಎದುರು ಕೂತೆ. "ದೊಡ್ಡಪ್ಪಾ, ನಿಮಗೆ ಏನು ಮಾಡಬೇಕು ಅಂತ ಆಸೆ?" ಅಂತ ಕೇಳಿ ಸುಮ್ಮನಾದೆ. ದೊಡ್ಡಮ್ಮ ಉತ್ತರ ಹೇಳಲು ಬಾಯಿ ತೆರೆದರು. ಕೈ ಮುಗಿದು ತಡೆದೆ. ಬಹಳ ಹೊತ್ತು ಹಿಡಿಯಿತು. "ಗದ್ದೆ... ನೀರು... ಕಟ್ಬೇಕು" ಅಂದರು.

ಮನೆಯವರು ಅವರ ಬಾಯಿಂದ ಇದನ್ನು ಕೇಳಿದ್ದು ಅದೇ ಮೊದಲು. "ಅದೆಲ್ಲ ಇನ್ಯಾಕೆ ನಿಂಗೆ, ನಾವಿಲ್ವಾ" ಅಂದ ಮಗ. ಪ್ರೀತಿಯಿಂದಲೇ ಅಂದದ್ದು. ಆದರೂ ನಾನು ಅವನಿಗೆ ಗಟ್ಟಿಯಾಗಿ ಹೇಳಿದೆ, ಬೇಕು, ಅವರಿಗೆ ಬೇಕು.

ಮುಂದಿನ ಸಭೆಗೆ ಅದನ್ನೇ ತೆಗೆದುಕೊಂಡು ಹೋದೆ. ಒಂದು ಕೈ, ಒಂದು ಸೋತ ಕಾಲು ಇರುವವರು ಗದ್ದೆಗೆ ನೀರು ಕಟ್ಟಬಹುದಾ? ಒದ್ದೆ ಬದುವಿನ ಮೇಲೆ ನಡೆಸುವುದು ಬೇಡ, ಬೀಳುತ್ತಾರೆ ಅಂತ ಎಲ್ಲರೂ ಹೇಳಿದರು. ಗುದ್ದಲಿಯಲ್ಲಿ ಮಣ್ಣು ಎಳೆಯುವುದೂ ಒಂದು ಕೈಯಲ್ಲಿ ಕಷ್ಟ. ಹಾಗಾದರೆ ಆ ಕೆಲಸವನ್ನು ಬಿಡಿಸಿ ನೋಡೋಣ ಅಂದರು ಹಾಸನದವರು. ನೀರು ಕಟ್ಟುವುದೆಂದರೆ ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಬಿಡುವುದು ತಾನೆ? ರಸ್ತೆ ಪಕ್ಕ ಕಾಲುವೆಯಿಂದ ಗದ್ದೆಗೆ ತಿರುಗುವ ಬಾಯಿಗೆ ಮಣ್ಣಿನ ಬದಲು ಒಂದು ಹಲಗೆ ಇಟ್ಟು, ಅದಕ್ಕೆ ನೆಟ್ಟನೆಯ ಹಿಡಿ ಹಾಕಿಸಿದರೆ? ನಿಂತಲ್ಲೇ ಎಡಗೈಯಲ್ಲಿ ಎತ್ತಬಹುದು, ಇಳಿಸಬಹುದು. ಪಕ್ಕದಲ್ಲಿ ಒರಗಿಕೊಳ್ಳಲು ಒಂದು ಗೂಟ. ಅಲ್ಲಿಯವರೆಗೆ ನಡೆಯಲು ಫಿಸಿಯೋಥೆರಪಿಸ್ಟ್ ಜೊತೆ ಏರುತಗ್ಗಿನ ನೆಲದಲ್ಲಿ ಅಭ್ಯಾಸ.

ಮಗ ಮೊದಲು ಒಪ್ಪಲಿಲ್ಲ. ಆಮೇಲೆ ತಾನೇ ಹೋಗಿ ಕಾಲುವೆ ಬಾಯಿಯ ಅಳತೆ ತೆಗೆದು, ವಿಡಿಯೊ ಮಾಡಿ ಕಳಿಸಿದ. ನಮ್ಮ ಗದ್ದೆಗಳಿಗೆ ನೀರು ತರುವ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ನೀರು ಬಿಡುವ ಮೊದಲು ಹಲಗೆ ಕೂರಬೇಕು. ಬಡಗಿಗೆ ಹೇಳಿಯಾಗಿದೆ. ಹಿಡಿ ಎಷ್ಟು ದಪ್ಪ ಇರಬೇಕು ಅನ್ನುವುದೊಂದು ಬಾಕಿ. ಮೂರು ದಪ್ಪದ ಕೋಲು ಕಳಿಸಿಕೊಟ್ಟಿದ್ದೇನೆ. ಯಾವುದು ಆಗುತ್ತೆ ಅಂತ ದೊಡ್ಡಪ್ಪನೇ ಹಿಡಿದು ನೋಡಿ ಹೇಳಬೇಕು.