ಚಿಕ್ಕಮ್ಮನ ಖೋಲಿಗೆ ಪೇಯಿಂಗ್ ಗೆಸ್ಟ್ ಬಂದರೆ

ಮುಂಬಯಿಯ ಲಾಲ್‌ಬಾಗಿನ ಹಳೆಯ ಚಾಳೊಂದರ ಎರಡನೆಯ ಮಾಳಿಗೆಯಲ್ಲಿ ನಮ್ಮ ಚಿಕ್ಕಮ್ಮ ನಲವತ್ತು ವರ್ಷಗಳಿಂದ ಇದ್ದಾರೆ. ಚಿಕ್ಕಪ್ಪ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕುಳಿತು ದುಡಿದ ಹಣದಲ್ಲಿ ಪಾಗಡಿ, ಅಂದರೆ ಬಾಡಿಗೆಯ ಹಕ್ಕಿಗಾಗಿ ಮೊದಲೇ ಕೊಡುವ ಇಡಿಗಂಟು, ಕೊಟ್ಟು ಪಡೆದ ಖೋಲಿ ಅದು. ಅವರು ತೀರಿಕೊಂಡ ಮೇಲೆ, ಒಬ್ಬಳೇ ಮಗಳು ಮದುವೆಯಾಗಿ ಹುಬ್ಬಳ್ಳಿಗೆ ಹೋದ ಮೇಲೆ, ಅರವತ್ತೆರಡರ ಚಿಕ್ಕಮ್ಮ ಅಲ್ಲಿ ಒಂಟಿಯಾಗಿದ್ದಾರೆ. ಊರ ಕಡೆಯ ಹುಡುಗಿಯೊಬ್ಬಳು ಪರೇಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿದ್ದು, ಊಟವೂ ಸೇರಿ ತಿಂಗಳಿಗೆ 5,000 ರೂಪಾಯಿ ಕೊಟ್ಟು ಅವರ ಜೊತೆ ಇರಲು ಸಿದ್ಧಳಿದ್ದಾಳೆ ಎಂಬ ಮಾತು ಬಂದಾಗ, ಮನೆಯವರೆಲ್ಲರೂ ಇದಕ್ಕಿಂತ ಒಳ್ಳೆಯದು ಇನ್ನೇನಿದೆ ಎಂದರು. ಚಿಕ್ಕಮ್ಮ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, "ಅವಳು ಬಂದರೆ ನನ್ನ ನಿರಾಧಾರ್ ಪಿಂಚಣಿ ನಿಲ್ಲುತ್ತದೆಯೇನೋ, ಸ್ವಲ್ಪ ವಿಚಾರಿಸು ಮಗಾ" ಎಂದರು. ವಿಚಾರಿಸುತ್ತಾ ಹೋದಂತೆ, ಆ ಪ್ರಶ್ನೆಯನ್ನು ಕೇಳಿದ್ದು ಅವರೊಬ್ಬರೇ ಎಂಬುದು ನನಗೆ ನಾಚಿಕೆಯ ವಿಷಯವಾಗಿ ಕಂಡಿತು.

ಚಿಕ್ಕಮ್ಮನಿಗೆ ಮಹಾರಾಷ್ಟ್ರ ಸರಕಾರ ಆಸರೆಯಿಲ್ಲದವರಿಗೆ ನಡೆಸುವ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯಡಿ ತಿಂಗಳಿಗೆ 1,500 ರೂಪಾಯಿ ಬರುತ್ತದೆ. 2023ರವರೆಗೆ ಅದು 1,000 ಇತ್ತು. ಅರವತ್ತೈದು ದಾಟಿದ ಮೇಲೆ ಇದೇ ಹಣ ಶ್ರಾವಣಬಾಳ ಯೋಜನೆಯ ಹೆಸರಿನಲ್ಲಿ ಬರುತ್ತದೆ. ಎರಡಕ್ಕೂ ಇರುವ ಆದಾಯದ ಮಿತಿ ಒಂದೇ, ಕುಟುಂಬಕ್ಕೆ ವರ್ಷಕ್ಕೆ 21,000 ರೂಪಾಯಿ. ಅಂದರೆ ತಿಂಗಳಿಗೆ 1,750. ಹಪ್ಪಳ, ಸಂಡಿಗೆ ಮಾಡಿ ಅಕ್ಕಪಕ್ಕದವರಿಗೆ ಮಾರಿ ಚಿಕ್ಕಮ್ಮ ತಿಂಗಳಿಗೆ ಸಾವಿರ ರೂಪಾಯಿ ಗಳಿಸುತ್ತಾರೆ, ಅದು ವರ್ಷಕ್ಕೆ 12,000. ಉಳಿದ ಅವಕಾಶ 9,000 ಮಾತ್ರ. ತಿಂಗಳಿಗೆ 750 ರೂಪಾಯಿಗಿಂತ ಹೆಚ್ಚು ಕೊಡದ ಪೇಯಿಂಗ್ ಗೆಸ್ಟ್ ಸಿಕ್ಕರೆ ಪಿಂಚಣಿಗೆ ತೊಂದರೆಯಿಲ್ಲ ಎಂದಾಯಿತು. ಲಾಲ್‌ಬಾಗಿನಲ್ಲಿ ಆ ಹಣಕ್ಕೆ ಮೆಟ್ಟಿಲ ಕೆಳಗೆ ಸೈಕಲ್ ನಿಲ್ಲಿಸಲೂ ಯಾರೂ ಜಾಗ ಕೊಡುವುದಿಲ್ಲ.

ಇದರ ಜೊತೆಗೆ ರೇಷನ್ ಕಾರ್ಡಿನ ಲೆಕ್ಕ ಬೇರೆ ಇದೆ. ಮಹಾರಾಷ್ಟ್ರದಲ್ಲಿ 1999ರಿಂದ ಹಳದಿ, ಕೇಸರಿ, ಬಿಳಿ ಎಂದು ಮೂರು ಬಣ್ಣದ ಕಾರ್ಡುಗಳಿವೆ. ವರ್ಷದ ಆದಾಯ ಒಂದು ಲಕ್ಷದವರೆಗೆ ಇದ್ದರೆ ಕೇಸರಿ ಕಾರ್ಡು ಉಳಿಯುತ್ತದೆ ಎಂದು ಜನ ನೆಮ್ಮದಿಯಿಂದಿರುತ್ತಾರೆ, ಆದರೆ ಧಾನ್ಯ ಸಿಗುವುದು ಕಾರ್ಡಿನ ಬಣ್ಣಕ್ಕಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬವೆಂದು ಎಣಿಸಲ್ಪಡಲು ಇಲ್ಲಿ ನಗರವಾಸಿಗಳಿಗೆ ಇರುವ ಮಿತಿ 59,000 ರೂಪಾಯಿ. ಅದರೊಳಗಿದ್ದರೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಸಿಗುತ್ತದೆ, 2023ರ ಜನವರಿಯಿಂದ ಅದೂ ಉಚಿತವಾಗಿ. ಹಪ್ಪಳದ 12,000ಕ್ಕೆ ನರ್ಸ್ ಹುಡುಗಿಯ 60,000 ಸೇರಿದರೆ 72,000 ಆಗುತ್ತದೆ. ಆಗ ಕೇಸರಿ ಕಾರ್ಡು ಕೈಯಲ್ಲೇ ಉಳಿದು ಧಾನ್ಯ ಮಾತ್ರ ಹೋಗುತ್ತದೆ. ಈ ಲೆಕ್ಕವನ್ನು ಕೇಳಿಸಿಕೊಂಡ ಪಕ್ಕದ ಖೋಲಿಯವರೊಬ್ಬರು, 3,900 ರೂಪಾಯಿ ಎಂದು ನಿಗದಿ ಮಾಡಿದರೆ ಒಟ್ಟು 58,800 ಆಗಿ ಅಕ್ಕಿ ಉಳಿಯುತ್ತದಲ್ಲ ಎಂದು ಕೂಡಲೇ ಹೇಳಿದರು. ಬಡವರ ಬಾಯಿಲೆಕ್ಕಕ್ಕೆ ಯಾವ ಚಾರ್ಟರ್ಡ್ ಅಕೌಂಟೆಂಟೂ ಸಾಟಿಯಲ್ಲ.

ಆಸ್ಪತ್ರೆಯ ಖರ್ಚಿನ ಬಗ್ಗೆ ಅವರಿಗಿದ್ದ ಅಂಜಿಕೆಯನ್ನು ಮಾತ್ರ ಸುಲಭವಾಗಿ ಬಿಡಿಸಬಹುದಾಯಿತು, ಏಕೆಂದರೆ ಆಸ್ಪತ್ರೆಯ ಖರ್ಚು ಭರಿಸುವ ರಾಜ್ಯದ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆ ಈಗ ಹೆಚ್ಚಿನ ಆದಾಯದ ಬಿಳಿ ಕಾರ್ಡಿನವರನ್ನೂ ಒಳಗೊಂಡಿದೆ. ಆದಾಯ ತೆರಿಗೆಯ ಮಾತು ಇಷ್ಟು ಸಣ್ಣ ಮೊತ್ತಕ್ಕೆ ಬರುವುದೇ ಇಲ್ಲ.

ಹಾಗಾದರೆ ಒಟ್ಟಿನಲ್ಲಿ ಲಾಭವೋ ನಷ್ಟವೋ ಎಂದು ನಾವಿಬ್ಬರೂ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ನೋಡಿದೆವು. ಬರುವುದು 60,000. ಹುಡುಗಿಯ ಊಟ, ಗ್ಯಾಸು, ಹೆಚ್ಚುವರಿ ಕರೆಂಟು ಎಲ್ಲ ಸೇರಿ ತಿಂಗಳಿಗೆ 2,500 ಎಂದು ಚಿಕ್ಕಮ್ಮನೇ ಅಂದಾಜು ಹೇಳಿದರು, ಅಲ್ಲಿಗೆ ಉಳಿದದ್ದು 30,000. ಅದರಲ್ಲಿ ಕೈತಪ್ಪುವ ಪಿಂಚಣಿ 18,000 ಕಳೆದರೆ 12,000. ವರ್ಷಕ್ಕೆ ಸಿಗದೇ ಹೋಗುವ 60 ಕಿಲೋ ಧಾನ್ಯವನ್ನು ಅಂಗಡಿಯಲ್ಲಿ ಕೊಳ್ಳುವ ಖರ್ಚನ್ನೂ ಕಳೆದರೆ, ತಿಂಗಳಿಗೆ ಸಾವಿರ ರೂಪಾಯಿಯೂ ಕೈಯಲ್ಲಿ ನಿಲ್ಲುವುದಿಲ್ಲ. ಅಷ್ಟಕ್ಕಾಗಿ ದಿನಕ್ಕೆರಡು ಹೊತ್ತು ಹೆಚ್ಚಿಗೆ ಅಡುಗೆ ಮಾಡಬೇಕು, ರಾತ್ರಿ ಪಾಳಿ ಮುಗಿಸಿ ಬಂದವಳು ಮಲಗಿರುವಾಗ ಹಗಲಿಡೀ ಸದ್ದು ಮಾಡದೆ ಇರಬೇಕು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಹುಡುಗಿ ಆರು ತಿಂಗಳಿಗೆ ಮದುವೆಯಾಗಿಯೋ ಕೆಲಸ ಬದಲಿಸಿಯೋ ಹೊರಟುಹೋಗಬಹುದು, ಆದರೆ ಒಮ್ಮೆ ನಿಂತ ಪಿಂಚಣಿಯನ್ನು ಮತ್ತೆ ಹಿಡಿಯಬೇಕೆಂದರೆ ತಹಶೀಲ್ದಾರರ ಆದಾಯ ಪ್ರಮಾಣಪತ್ರದಿಂದ ಹಿಡಿದು ಎಲ್ಲವನ್ನೂ ಮೊದಲಿನಿಂದ ಹೊಂದಿಸಬೇಕು. ಖಚಿತವಾಗಿ ಬರುವ ಸಣ್ಣ ಹಣವನ್ನು ಬಿಟ್ಟು, ಯಾವಾಗ ಬೇಕಾದರೂ ನಿಲ್ಲಬಹುದಾದ ದೊಡ್ಡ ಹಣವನ್ನು ಹಿಡಿಯಬೇಕೇ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ನನಗೆ ತೀರ ವಿಚಿತ್ರವೆನಿಸಿದ ಸಂಗತಿ ಬೇರೆ. 2024ರ ಜುಲೈಯಲ್ಲಿ ಆರಂಭವಾದ ಲಾಡ್ಕಿ ಬಹಿಣ್ ಯೋಜನೆಯೂ 21ರಿಂದ 65 ವರ್ಷದ ಮಹಿಳೆಯರಿಗೆ ಇದೇ 1,500 ರೂಪಾಯಿಯನ್ನೇ ಕೊಡುತ್ತದೆ, ಆದರೆ ಅಲ್ಲಿ ಕುಟುಂಬದ ಆದಾಯದ ಮಿತಿ ಎರಡೂವರೆ ಲಕ್ಷ. ಬೇರೊಂದು ಸರಕಾರಿ ಯೋಜನೆಯಿಂದ ಅಷ್ಟೇ ಹಣ ಪಡೆಯುವವರಿಗೆ ಅದು ಸಿಗುವುದಿಲ್ಲವಾದ್ದರಿಂದ ಚಿಕ್ಕಮ್ಮ ಆಗ ಅರ್ಜಿ ಹಾಕಲಿಲ್ಲ, ಅರ್ಜಿಯ ಅವಧಿ ಆ ವರ್ಷದ ಅಕ್ಟೋಬರ್ 15ಕ್ಕೆ ಮುಗಿಯಿತು. ಒಂದೇ ರಾಜ್ಯ, ಒಂದೇ ಮೊತ್ತ. ಆದರೂ ನಿರಾಧಾರಳೆಂದು ಗುರುತಿಸಲ್ಪಟ್ಟ ವಿಧವೆ ತಿಂಗಳಿಗೆ 1,750ರ ಗೆರೆಯನ್ನು ದಾಟುವಂತಿಲ್ಲ, ಗಂಡನೂ ಸಂಬಳವೂ ಇರುವ ಮನೆಯ ಹೆಂಗಸಿಗೆ ಆ ಗೆರೆ ಸುಮಾರು ಹನ್ನೆರಡು ಪಟ್ಟು ಎತ್ತರದಲ್ಲಿದೆ. ಲಾಡ್ಕಿ ಬಹಿಣ್ ಮಿತಿ ಹೆಚ್ಚಾಯಿತೆಂಬುದು ನನ್ನ ದೂರಲ್ಲ, ನಿರಾಧಾರ್ ಯೋಜನೆಯ ಮಿತಿ ಈ ಪಟ್ಟಣದ ಬದುಕಿಗೆ ಯಾವ ಸಂಬಂಧವನ್ನೂ ಉಳಿಸಿಕೊಂಡಿಲ್ಲ ಎಂಬುದು ನನ್ನ ದೂರು.

ದಾದರಿನ ಕನ್ನಡ ಶಾಲೆಯಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಈಗ ಲಂಡನ್ನಿನಲ್ಲಿ ಬಾಡಿಗೆದಾರರಿಗೆ ಸಲಹೆ ನೀಡುವ ಕೇಂದ್ರವೊಂದರಲ್ಲಿದ್ದಾಳೆ. ಅವಳಿಗೆ ಇದನ್ನು ಹೇಳಿದಾಗ, ಇದೇ ಪ್ರಶ್ನೆ ಅವಳ ಮೇಜಿಗೂ ಬರುತ್ತದೆಂದು ನಕ್ಕಳು. ಅಲ್ಲಿ ಕಡಿಮೆ ಆದಾಯದವರಿಗೆ ಸರಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ಎಂಬ ನೆರವು ಪಡೆಯುವ ಬಾಡಿಗೆದಾರರು ತಮ್ಮ ಮನೆಯಲ್ಲಿ ಒಬ್ಬ ಲಾಡ್ಜರನ್ನು, ಅಂದರೆ ನಮ್ಮ ಪೇಯಿಂಗ್ ಗೆಸ್ಟ್‌ನಂಥವನನ್ನು, ಇಟ್ಟುಕೊಂಡರೆ, ಅವನು ಕೊಡುವ ಹಣವನ್ನು ಆದಾಯವೆಂದು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಆದರೆ ಸರಕಾರಿ ವಸತಿಯಲ್ಲಿರುವ ದುಡಿಯುವ ವಯಸ್ಸಿನವರಿಗೆ ಹೆಚ್ಚುವರಿ ಕೋಣೆಯೊಂದಿದ್ದರೆ ಬಾಡಿಗೆಯ ನೆರವಿನಲ್ಲಿ ಶೇ. 14 ಕಡಿತವಾಗುತ್ತದೆ, ಲಾಡ್ಜರ್ ಮಲಗುವ ಕೋಣೆಯನ್ನೂ ಅಲ್ಲಿ ಖಾಲಿ ಕೋಣೆಯೆಂದೇ ಎಣಿಸಲಾಗುತ್ತದೆ. ಹೌಸಿಂಗ್ ಬೆನಿಫಿಟ್ ಎಂಬ ಹಳೆಯ ಬಾಡಿಗೆ ನೆರವಿನಲ್ಲಿ ಇದು ತಿರುಗುಮುರುಗು. ಅಲ್ಲಿ ಕೋಣೆ ತುಂಬಿದೆಯೆಂದು ಎಣಿಸುತ್ತಾರೆ, ಆದರೆ ಹಣ ಲೆಕ್ಕಕ್ಕೆ ಬರುತ್ತದೆ. ಹಾಗೆ ಬಂದರೂ ವಾರಕ್ಕೆ ಮೊದಲ 20 ಪೌಂಡನ್ನು ಬಿಟ್ಟುಬಿಡುತ್ತಾರೆ, ಊಟ ಹಾಕುವುದಾದರೆ ಮಿಕ್ಕಿದ್ದರಲ್ಲಿ ಅರ್ಧವನ್ನೂ ಬಿಡುತ್ತಾರೆ. ಊಟಸಹಿತ ವಾರಕ್ಕೆ 70 ಪೌಂಡ್ ಬಂದರೆ ಆದಾಯವೆನಿಸುವುದು 25 ಮಾತ್ರ. ಒಬ್ಬರೇ ಇದ್ದ ಮನೆಗೆ ಇನ್ನೊಬ್ಬ ವಯಸ್ಕರು ಬಂದರೆ ಅಲ್ಲಿನ ಮನೆ ತೆರಿಗೆಯಾದ ಕೌನ್ಸಿಲ್ ಟ್ಯಾಕ್ಸಿನ ಶೇ. 25ರ ರಿಯಾಯಿತಿಯೂ ಸಾಮಾನ್ಯವಾಗಿ ಹೋಗುತ್ತದೆಯಂತೆ. ಅಲ್ಲಿಯೂ ಗೋಜಲು ಕಡಿಮೆಯಿಲ್ಲ. ಆದರೆ ಊಟ ಹಾಕಲು ಖರ್ಚಾಗುತ್ತದೆ ಎಂಬುದು ಆ ನಿಯಮ ಬರೆದವರ ತಲೆಗೆ ಹೊಳೆದಿದೆ. ಚಿಕ್ಕಮ್ಮನ ಲೆಕ್ಕದಲ್ಲಿ ಅನ್ನ, ಸಾರು, ಗ್ಯಾಸಿನ ಹಣವನ್ನೆಲ್ಲ ಹೀಗೆ ಬಿಟ್ಟುಕೊಡುವ ಯಾವ ಏರ್ಪಾಡೂ ಇಲ್ಲ, ಬಂದ ಮೊತ್ತವನ್ನು ಒಂದು ಗೆರೆಗೆ ಹಿಡಿದು ಒಳಗೋ ಹೊರಗೋ ಎಂದು ತೀರ್ಮಾನಿಸಿಬಿಡುತ್ತಾರೆ.

ಇಷ್ಟೆಲ್ಲ ಆದ ಮೇಲೆ ವಕೀಲರೊಬ್ಬರನ್ನು ಕಂಡಾಗ, ಅವರು ಪಿಂಚಣಿಯ ಮಾತನ್ನು ಬದಿಗಿಟ್ಟು, ಮೊದಲು ಖೋಲಿಯನ್ನು ಉಳಿಸಿಕೊಳ್ಳಿ ಎಂದರು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 26ನೆಯ ಕಲಮಿನಂತೆ, ಒಪ್ಪಂದದಲ್ಲಿ ಅವಕಾಶವಿಲ್ಲದಿದ್ದರೆ ಬಾಡಿಗೆದಾರರು ಜಾಗವನ್ನು ಒಳಬಾಡಿಗೆಗೆ ಕೊಡುವಂತಿಲ್ಲ, ಲೈಸೆನ್ಸಿನ ಮೇಲೂ, ಅಂದರೆ ಬಾಡಿಗೆಯ ಹಕ್ಕಿಲ್ಲದೆ ಬರೀ ಇರಲು ಅನುಮತಿಯಾಗಿಯೂ, ಕೊಡುವಂತಿಲ್ಲ. ಕೊಟ್ಟರೆ 16ನೆಯ ಕಲಮಿನಡಿ ಮಾಲೀಕರು ಖಾಲಿ ಮಾಡಿಸಲು ದಾವೆ ಹೂಡಬಹುದು. ತಾನು ವಾಸವಿರುವ ಜಾಗದ ಒಂದು ಭಾಗವನ್ನು ಮನೆಯವರಲ್ಲದವರಿಗೆ ಲೈಸೆನ್ಸಿನ ಮೇಲೆ ಕೊಟ್ಟರೆ ಅವರು ಪೇಯಿಂಗ್ ಗೆಸ್ಟ್ ಎಂದು ಕಾಯ್ದೆಯೇ ಹೇಳುತ್ತದೆ. ಚಿಕ್ಕಮ್ಮ ಅಲ್ಲೇ ಇದ್ದು ಬೀಗದ ಕೈ ಅವರ ಬಳಿಯೇ ಇರುವಾಗ ಅದು ಒಳಬಾಡಿಗೆಯಲ್ಲ ಎಂದು ವಾದಿಸಬಹುದು ನಿಜ, ಆದರೆ ವಾದಿಸಲು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವವರು ಯಾರು? 1973ರ ಫೆಬ್ರವರಿ 1ರಂದು ಒಳಗಿದ್ದ ಲೈಸೆನ್ಸಿಗಳನ್ನೆಲ್ಲ ಬಾಡಿಗೆದಾರರೆಂದೇ ಪರಿಗಣಿಸಿದ ಹಳೆಯ ತಿದ್ದುಪಡಿಯ ನೆನಪು ಮುಂಬಯಿಯ ಮಾಲೀಕರಿಗೆ ಇನ್ನೂ ಹಸಿಯಾಗಿದೆ. ಆ ತಿದ್ದುಪಡಿ ಪೇಯಿಂಗ್ ಗೆಸ್ಟ್‌ಗಳನ್ನು ಹೊರಗಿಟ್ಟಿತ್ತು ಎಂಬುದು ಹೆಚ್ಚಿನವರಿಗೆ ನೆನಪಿಲ್ಲ. ಚಾಳು 1969ಕ್ಕಿಂತ ಹಿಂದಿನ ಸೆಸ್ ಕಟ್ಟಡ, ಅಂದರೆ ದುರಸ್ತಿಗೆಂದು ಪ್ರತ್ಯೇಕ ತೆರಿಗೆ ಕಟ್ಟುವ ಹಳೆಯ ಕಟ್ಟಡ. ನಾಳೆ ಪುನರ್ನಿರ್ಮಾಣಕ್ಕೆ ಹೋದರೆ ಅರ್ಹ ಬಾಡಿಗೆದಾರರಿಗೆ ಕನಿಷ್ಠ 300 ಚದರಡಿಯ ಮನೆ ಸಿಗಬೇಕು, ತಿಂಗಳಿಗೆ ಸಾವಿರ ರೂಪಾಯಿಯ ಆಸೆಗೆ ಆ ಹಕ್ಕನ್ನು ಪಣಕ್ಕಿಡುವುದು ಜಾಣತನವಲ್ಲ. ಚಿಕ್ಕಪ್ಪನ ಕಾಲದಲ್ಲಿ ಇದೇ ಖೋಲಿಯಲ್ಲಿ ಹೋಟೆಲಿನ ಆರು ಹುಡುಗರು ಪಾಳಿಯ ಮೇಲೆ ಮಲಗುತ್ತಿದ್ದರು, ಯಾರೂ ಯಾವ ಕಲಮನ್ನೂ ಕೇಳಿರಲಿಲ್ಲ.

ಯಾರಿಗೂ ಹೇಳದೆ ಇಟ್ಟುಕೊಂಡರಾಯಿತು ಎಂಬ ಸಲಹೆ ನಮಗೂ ಬಂತು, ಅದನ್ನು ನಾನು ಒಪ್ಪಲಿಲ್ಲ. ಹುಡುಗಿ ಮೊಬೈಲಿನಿಂದ ಕಳಿಸುವ ಹಣ ಪಿಂಚಣಿ ಬರುವ ಖಾತೆಗೇ ಬಂದು ಬೀಳುತ್ತದೆ, ಮನೆಯಲ್ಲಿ ಇಟ್ಟುಕೊಂಡವರ ವಿವರವನ್ನು ಪೊಲೀಸ್ ಠಾಣೆಗೆ ಕೊಡಬೇಕಾಗುತ್ತದೆ, ಮುಂದಿನ ಸಲ ಆದಾಯದ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಚಿಕ್ಕಮ್ಮನೇ ಹೊರತು ಸಲಹೆ ಕೊಟ್ಟವರಲ್ಲ.

ಕೊನೆಗೆ ಚಿಕ್ಕಮ್ಮನೇ ಒಂದು ಕ್ರಮ ಹಾಕಿದರು. ಮಾಲೀಕರ ಒಪ್ಪಿಗೆ ಲಿಖಿತವಾಗಿ ಬರಬೇಕು, ಬಂದರೆ ಹುಡುಗಿ ಕನಿಷ್ಠ ಎರಡು ವರ್ಷ ಇರುವ ಮಾತು ಕೊಡಬೇಕು, ಆಮೇಲೆ ತಾವೇ ತಹಶೀಲ್ದಾರ್ ಕಚೇರಿಗೆ ಹೋಗಿ ಹೊಸ ಆದಾಯವನ್ನು ಬರೆದುಕೊಟ್ಟು ಪಿಂಚಣಿ ಬಿಡುತ್ತಾರೆ. ಬಾಡಿಗೆ ವಸೂಲಿಗೆ ಬರುವ ಮೆಹ್ತಾ ಅರ್ಜಿಯನ್ನು ತೆಗೆದುಕೊಂಡು ಹೋಗಿ ಮೂರು ವಾರವಾಯಿತು, ಸೇಠರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಆ ಹುಡುಗಿ ಹಾಸ್ಟೆಲಿನಲ್ಲೇ ಇದ್ದು ಭಾನುವಾರ ಮಧ್ಯಾಹ್ನದ ಊಟಕ್ಕೆ ಮಾತ್ರ ಬರುತ್ತಾಳೆ, ಆ ಊಟಕ್ಕೆ ಚಿಕ್ಕಮ್ಮ ಹಣ ತೆಗೆದುಕೊಳ್ಳುವುದಿಲ್ಲ.