ಧ ಅಕ್ಷರದ ಹೊಟ್ಟೆ ಸೀಳು: ಕಲ್ಲಚ್ಚಿನ ಕೆಲಸ, ಮೂರನೆಯ ಮಳೆಗಾಲ

ಕಲ್ಲಚ್ಚಿನಲ್ಲಿ (ಲಿಥೋಗ್ರಫಿ) ನಾನು ತೆಗೆಯುತ್ತಿರುವ ಪುಟದ ಒಂಬತ್ತರಲ್ಲಿ ಎಂಟು ‘ಧ’ಗಳು ನಿನ್ನೆ ಸಂಜೆ ಹಾಳೆಯ ಮೇಲೆ ಸ್ಪಷ್ಟವಾಗಿ ಮೂಡಿದವು. ಕಳೆದ ವಾರ ಇದೇ ಹಾಳೆಯಲ್ಲಿ ಎರಡೇ ಉಳಿದಿದ್ದವು. ಅದರ ಹಿಂದಿನ ವಾರ ಒಂದೂ ಉಳಿದಿರಲಿಲ್ಲ. ಮೂರು ಮಳೆಗಾಲ ನನ್ನನ್ನು ಕಾಡಿದ ತೊಡಕಿನ ಬುಡ ಈಗ ಕೈಗೆ ಸಿಕ್ಕಿರುವುದರಿಂದ, ಮರೆಯುವ ಮುನ್ನ ಬರೆದಿಡುತ್ತಿದ್ದೇನೆ. ಕಲ್ಲು ತಿಕ್ಕುವುದು, ಜಿಡ್ಡುಮಸಿಯಲ್ಲಿ ಬರೆಯುವುದು, ಟರ್ಪೆಂಟೈನಿನಲ್ಲಿ ತೊಳೆಯುವುದು, ರೋಲರ್ ಹೊರಳಿಸುವುದು ಇವೆಲ್ಲ ಕಲ್ಲಚ್ಚಿನಲ್ಲಿ ಕೈಯಾಡಿಸಿದವರಿಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವುಗಳ ವಿವರಕ್ಕೆ ಹೋಗುವುದಿಲ್ಲ. ಹೊಸಬರಿಗೆ ಇಷ್ಟು ಸಾಕು: ಕಲ್ಲಿನ ಮೇಲೆ ಜಿಡ್ಡುಮಸಿಯಲ್ಲಿ ಬರೆದು, ಆಮ್ಲ ಬೆರೆಸಿದ ಗೋಂದಿನ ನೀರು ಹಚ್ಚಿದರೆ, ಬರಹ ಮಾತ್ರ ಮಸಿ ಹಿಡಿಯುತ್ತದೆ, ಒದ್ದೆಯಾದ ಉಳಿದ ಕಲ್ಲು ಹಿಡಿಯುವುದಿಲ್ಲ.

ನಾನು ಮುದ್ರಿಸಲು ಹೊರಟಿರುವುದು ಒಂದೇ ಒಂದು ಪುಟ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಬೆಟ್ಟದ ಮೇಲೆ ಕುಳಿತು ‘ಧನ್ಯರು’ ಎಂದು ಒಂಬತ್ತು ಸಲ ಹೇಳುವ ಭಾಗ ಅದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಮೊದಮೊದಲು ಹೇಗೆ ಕಲ್ಲಿನ ಮೇಲೆ ಬರೆದು ಮುದ್ರಿಸಿದರೋ ಹಾಗೆಯೇ, ಇದೇ ಊರಿನ ಇದೇ ಹವೆಯಲ್ಲಿ, ಹವಾನಿಯಂತ್ರಕದ ಸಹಾಯವಿಲ್ಲದೆ ಈ ಪುಟವನ್ನು ತೆಗೆಯಬೇಕೆಂಬುದು ನಾನು ಹಾಕಿಕೊಂಡ ಕಟ್ಟುಪಾಡು. ನನ್ನ ಅಜ್ಜ ಅಚ್ಚುಮೊಳೆ ಜೋಡಿಸುವ ಕೆಲಸದಲ್ಲಿದ್ದವರು. ಮೊಳೆ ಬರುವ ಮೊದಲು ಕಲ್ಲೊಂದೇ ಇತ್ತೆಂದು ಅವರು ಹೇಳುತ್ತಿದ್ದ ಮಾತು ಈ ಹುಚ್ಚನ್ನು ಹತ್ತಿಸಿತು.

ಈಸ್ಟ್ ಇಂಡಿಯಾ ಕಂಪನಿಯ ಬಗ್ಗೆ ಬ್ರಿಟಿಷ್ ಸಂಸತ್ತು ಮಾಡಿದ 1833ರ ಸನ್ನದು ಶಾಸನವು ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪನಿ ಸರಕಾರದ ಸೀಮೆಯ ಬಾಗಿಲು ತೆರೆಯಿತು. ಅದರ ಮರುವರ್ಷ, 1834ರ ಅಕ್ಟೋಬರಿನಲ್ಲಿ, ಸಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದಿಳಿದರು. ಅವರ ಕಣ್ಣಿಗೆ ಇದು ಪೂರ್ತಿಯಾಗಿ ಪರದೇಶ. ಕಚೇರಿಯಲ್ಲಿ ಕನ್ನಡ, ಅಂಗಳದಲ್ಲಿ ತುಳು, ಪೇಟೆಯಲ್ಲಿ ಕೊಂಕಣಿ. ಸಂತೆಯಲ್ಲಿ ನಿಂತು ಒಂದು ಮಾತು ಹೇಳಬೇಕಾದರೂ ಯಾವ ಭಾಷೆಯಲ್ಲಿ ಎಂದು ಯೋಚಿಸಬೇಕಾದ ಊರು. 1836ರಲ್ಲಿ ಹರ್ಮನ್ ಮೊಗ್ಲಿಂಗ್ ಬಂದು ಸೇರಿಕೊಂಡ ಮೇಲೆ ಶಾಲೆಗಳ ಕೆಲಸ ಬೆಳೆಯಿತು. ಆದರೆ ಸಾರುವವನ ಧ್ವನಿ ಎಷ್ಟು ದೂರ ಕೇಳಿಸೀತು? ಜಾತ್ರೆ ಮುಗಿಸಿ ಮನೆಗೆ ಮರಳುವವನ ಕೈಯಲ್ಲಿ ಒಂದು ಹಾಳೆ ಇದ್ದರೆ ಅದು ಘಟ್ಟವನ್ನೂ ಹತ್ತೀತು. ಅದೇ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆ 1841ರಲ್ಲಿ ಮುದ್ರಣಯಂತ್ರವನ್ನು ದೊರಕಿಸಿ, 1842ರಲ್ಲಿ ಇಬ್ಬರು ಮರಾಠಿ ಮುದ್ರಕರನ್ನು ಜೊತೆಗೆ ಕರೆದುಕೊಂಡು ಮಂಗಳೂರಿಗೆ ಮರಳಿದರು. ಮಿಶನ್ನಿನ ಚರಿತ್ರೆಯನ್ನು ಬರೆದವರೆಲ್ಲ ವೈಗ್ಲೆಯವರನ್ನು ನೆನೆಯುತ್ತಾರೆ. ಕಲ್ಲಿನ ಮುಂದೆ ಮೂರು ವರ್ಷ ಕಳೆದ ನಾನು ಆ ಇಬ್ಬರು ಮರಾಠಿ ಮುದ್ರಕರನ್ನು ಅಷ್ಟೇ ಗೌರವದಿಂದ ನೆನೆಯುತ್ತೇನೆ, ಏಕೆಂದರೆ ಕಲ್ಲನ್ನು ಬಲ್ಲವರು ಅವರಾಗಿದ್ದರು.

ಕಲ್ಲಚ್ಚನ್ನೇ ಹಿಡಿಯಲು ಕಾರಣ ಸ್ಪಷ್ಟವಾಗಿದೆ. ಕನ್ನಡವನ್ನು ಮೊಳೆಗಳಲ್ಲಿ ಜೋಡಿಸಬೇಕಾದರೆ ಗುಣಿತಾಕ್ಷರ, ಒತ್ತಕ್ಷರ ಎಲ್ಲಕ್ಕೂ ಸೇರಿ ನೂರಾರು ಬಗೆಯ ಮೊಳೆಗಳು ಬೇಕು. ಕಲ್ಲಿಗಾದರೋ ಒಳ್ಳೆಯ ಕೈಬರಹ ಒಂದಿದ್ದರೆ ಸಾಕು. ಗಂಜಿ ಬಳಿದ ಕಾಗದದ ಮೇಲೆ ಜಿಡ್ಡುಮಸಿಯಿಂದ ನೇರವಾಗಿಯೇ ಬರೆದು, ಕಾಗದವನ್ನು ನೆನೆಸಿ ಕಲ್ಲಿಗೆ ಒತ್ತಿದರೆ ಬರಹವು ತಾನಾಗಿಯೇ ತಿರುಗುಮುರುಗಾಗಿ ಕಲ್ಲಿಗೆ ಇಳಿಯುತ್ತದೆ.

ನನ್ನ ತೊಡಕು ಹುಟ್ಟಿದ್ದು ಅಲ್ಲಿಂದ ಮುಂದೆ. ಬರಹ ಕಲ್ಲಿಗೆ ಚೆನ್ನಾಗಿಯೇ ಇಳಿಯುತ್ತಿತ್ತು, ಮೊದಲ ನಾಲ್ಕೈದು ಹಾಳೆಗಳೂ ಚೆನ್ನಾಗಿಯೇ ಬರುತ್ತಿದ್ದವು. ಆರನೆಯ ಹಾಳೆಯ ಹೊತ್ತಿಗೆ ‘ಧ’ದ ಹೊಟ್ಟೆಯ ಸೀಳು ಮಂಕಾಗುತ್ತಿತ್ತು, ಹತ್ತನೆಯ ಹಾಳೆಗೆ ಮುಚ್ಚಿಯೇ ಹೋಗುತ್ತಿತ್ತು. ಆ ಸೀಳಿನ ಎರಡೂ ಬದಿಗೆ ಇರುವ ಬಿಳಿ ಜಾಗ ಎಳ್ಳುಕಾಳಿನ ಅರ್ಧದಷ್ಟೂ ಇಲ್ಲ. ಮಸಿಯು ಅಲ್ಲಿ ಒಮ್ಮೆ ಕಾಲಿಟ್ಟಿತೆಂದರೆ ಮತ್ತೆ ಹೊರಡುವುದಿಲ್ಲ. ‘ಠ’ದ ನಡುವಿನ ಚುಕ್ಕಿ ಸುತ್ತಿನೊಂದಿಗೆ ಕೂಡಿ ಕರಿಯ ಗುಂಡಾಗುತ್ತದೆ, ‘ಥ’ ಯಾವುದು ‘ಧ’ ಯಾವುದು ತಿಳಿಯುವುದಿಲ್ಲ. ರೋಮನ್ ಲಿಪಿಯಲ್ಲಿ ಇಷ್ಟು ಮಸಿ ತುಂಬಿದರೆ ಹಾಳೆ ಕೊಳಕಾಗಿ ಕಾಣಬಹುದು, ಅಷ್ಟೆ. ನಮ್ಮಲ್ಲಿ ಸೀಳು ಹೋದರೆ ಧನ ದನವಾಗುತ್ತದೆ. ಓಲೆಗರಿ, ಕಡತಗಳ ಮೇಲೆ ಕಂಟದಿಂದಲೂ ಬಳಪದಿಂದಲೂ ತಿದ್ದಿದ ಅಕ್ಷರವನ್ನು ಓದಿ ಬೆಳೆದ 1842ರ ಓದುಗನೊಬ್ಬನು ದೇವರ ವಾಕ್ಯವೆಂದು ಕೊಟ್ಟ ಹಾಳೆಯಲ್ಲಿ ‘ದನ್ಯರು’ ಎಂದು ಕಂಡಿದ್ದರೆ, ಅದನ್ನು ತಂದುಕೊಟ್ಟ ಪರದೇಶದವನ ಮಾತನ್ನು ಎಷ್ಟು ನಂಬುತ್ತಿದ್ದನು?

ಮೊದಲಿಗೆ ನಾನು ಮಸಿಯನ್ನು ಸಂಶಯಿಸಿದೆ, ಸಂಶಯಿಸಲು ಕಾರಣವೂ ಇತ್ತು. ಕಲ್ಲಚ್ಚಿನ ಮಸಿಯೆಂದು ನನಗೆ ಡಬ್ಬಿ ಕಳುಹಿಸಿದ ವ್ಯಾಪಾರಿಯು ವಾಸ್ತವವಾಗಿ ಕಳುಹಿಸಿದ್ದು ಆಫ್‌ಸೆಟ್ ಯಂತ್ರದ ತೆಳು ಮಸಿಯನ್ನು. ಕೇಳಿದಾಗ ಕಪ್ಪು ಎಲ್ಲ ಒಂದೇ ಅಲ್ಲವೇ ಎಂದು ಉತ್ತರಿಸಿದರು. ಅಲ್ಲ, ಒಂದೇ ಅಲ್ಲ. ಕಲ್ಲಿನ ಮಸಿ ಗಟ್ಟಿಯಾಗಿ, ಎಳೆದರೆ ಬೆಲ್ಲದ ಪಾಕದಂತೆ ನೂಲು ಬರುವಂತಿರಬೇಕು. ಗೋಂದಿನ ವಿಷಯದಲ್ಲೂ ಇದೇ ಅನುಭವ: ಪುಡಿ ಮಾಡಿ ಮಾರುವ ಗೋಂದಿನಲ್ಲಿ ಏನು ಬೆರೆಸುತ್ತಾರೋ, ನೀರಿಗೆ ಹಾಕಿದರೆ ತಳದಲ್ಲಿ ಹಿಟ್ಟಿನಂತೆ ಕೂರುತ್ತದೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ದಯವಿಟ್ಟು ಇಡೀ ಹರಳಿನ ಗೋಂದನ್ನೇ ಕೊಳ್ಳಬೇಕು, ಮತ್ತು ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿಯೇ ಹಣ ಕೊಡಬೇಕು. ಅಗಸೆ ಎಣ್ಣೆಯನ್ನು ಹೆಚ್ಚು ಹೊತ್ತು ಕಾಯಿಸಿ ಮಸಿಯನ್ನು ನಾನೇ ಗಟ್ಟಿ ಮಾಡಿಕೊಂಡೆ. ಇದರಿಂದ ಆರನೆಯ ಹಾಳೆಗೆ ಮಂಕಾಗುತ್ತಿದ್ದ ಸೀಳು ಒಂಬತ್ತನೆಯ ಹಾಳೆಗೆ ಮಂಕಾಗತೊಡಗಿತು. ಬುಡ ಅಲ್ಲಿರಲಿಲ್ಲ.

ಆಮೇಲೆ ಆಮ್ಲದ ಸರದಿ. ಗೋಂದಿನ ನೀರಿಗೆ ಹಾಕುವ ನೈಟ್ರಿಕ್ ಆಮ್ಲದ ಹನಿಗಳನ್ನು ಒಂದೊಂದಾಗಿ ಏರಿಸುತ್ತ ಹೋದೆ. ಸೀಳು ತೆರೆಯಿತು, ನಿಜ. ಆದರೆ ‘ಧನ್ಯರು’ ಎಂಬಲ್ಲಿ ನಕಾರದ ಕೆಳಗಿನ ಯ-ಒತ್ತಿನ ತೆಳು ಬಾಲ ಸುಟ್ಟುಹೋಯಿತು, ‘ರು’ವಿನ ಕೊಂಬು ಅರ್ಧಕ್ಕೆ ತುಂಡಾಯಿತು. ಕನ್ನಡ ಅಕ್ಷರದ ನಿಜವಾದ ಕಷ್ಟ ಇಲ್ಲಿದೆ. ದಪ್ಪ ಸುತ್ತು, ಅದರೊಳಗೆ ಎಳ್ಳಿನಷ್ಟು ಬಿಳಿ, ಪಕ್ಕದಲ್ಲಿಯೇ ಕೂದಲಿನಷ್ಟು ತೆಳುವಾದ ಎಳೆ. ಆಮ್ಲ ಕಡಿಮೆಯಾದರೆ ಬಿಳಿ ಮುಚ್ಚುತ್ತದೆ, ಹೆಚ್ಚಾದರೆ ಎಳೆ ಸಾಯುತ್ತದೆ. ಒಂದೇ ಕಲ್ಲಿನ ಮೇಲೆ, ಒಂದೇ ಅಕ್ಷರದಲ್ಲಿ, ಎರಡಕ್ಕೂ ಹಿತವಾದ ಹನಿಯ ಲೆಕ್ಕವನ್ನು ಎರಡು ಮಳೆಗಾಲ ಹುಡುಕಿದೆ. ಬೇಸಿಗೆಯಲ್ಲಿ ಸಿಕ್ಕಿದ ಲೆಕ್ಕ ಜೂನ್ ಬಂದೊಡನೆ ಕೈಕೊಡುತ್ತಿತ್ತು. ಎಂಟು ತಿಂಗಳು ಸರಿಯಾಗಿ ನಡೆದು ನಾಲ್ಕು ತಿಂಗಳು ಕೆಡುವ ಕೆಲಸವೆಂದರೆ ಅದರ ಕಾರಣ ಆಕಾಶದಲ್ಲಿದೆಯೆಂದು ಆಗಲೇ ಹೊಳೆಯಬೇಕಿತ್ತು.

ಈ ಹಂತದಲ್ಲಿ ಕೆಲಸವನ್ನೇ ನಿಲ್ಲಿಸಿ ಬೇಸಿಗೆಗೆ ಕಾಯೋಣವೆಂದು ಮನಸ್ಸಾದದ್ದು ಸುಳ್ಳಲ್ಲ. ತಡೆದು ನಿಲ್ಲಿಸಿದ್ದು ಒಂದು ತಾರೀಖು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಇದೇ ಬಗೆಯ ಕಲ್ಲಿನ ಮೇಲಿಂದ ಹೊರಬಂದದ್ದು 1843ರ ಜುಲೈ 1ರಂದು. ಆ ದಿನವನ್ನು ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ, ಆದರೆ ಅದು ಮಂಗಳೂರಿನಲ್ಲಿ ಎಂತಹ ದಿನವೆಂದು ಯೋಚಿಸುವವರು ಕಡಿಮೆ. ತುಳುವರ ಕಾರ್ತೆಲ್ ತಿಂಗಳು ಅದು. ಗೋಡೆ ಬೆವರುವ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುವ, ಒಣಗಲು ಹಾಕಿದ ಬಟ್ಟೆ ಮೂರನೆಯ ದಿನ ಮುಗ್ಗಲು ವಾಸನೆ ಬರುವ ಕಾಲ. ಊರ ವರ್ತಮಾನ, ಸರಕಾರದ ನಿರೂಪ, ಅನ್ಯರಾಜ್ಯದ ಸುದ್ದಿ, ಕಥೆ, ಸುಬುದ್ಧಿ ಎಂದು ನಾಲ್ಕು ಪುಟ ತುಂಬ ಬರೆದು, ಒಂದು ದುಡ್ಡಿನ ಬೆಲೆಯಿಟ್ಟು, ಅಂತಹ ಕಾಲದಲ್ಲಿ ಅವರು ಕಲ್ಲಿನಿಂದ ಹಾಳೆಗಳನ್ನು ಎಬ್ಬಿಸಿದ್ದರು. ಅವರಿಗೆ ಸಾಧ್ಯವಾದದ್ದಕ್ಕೆ ಒಂದು ದಾರಿ ಇದ್ದೇ ಇರಬೇಕು.

ದಾರಿ ಕಂಡದ್ದು ಮೂಗಿನಿಂದ. ಕಳೆದ ಭಾನುವಾರ ಆರಾಧನೆ ಮುಗಿಸಿ ಬಂದು, ಹಿಂದಿನ ರಾತ್ರಿ ಕಲಸಿಟ್ಟ ಗೋಂದಿನ ಬಾಟಲಿಯ ಮುಚ್ಚಳ ತೆಗೆದಿದ್ದೆ. ಒಳಮನೆಯಿಂದ ಅಮ್ಮ, “ದೋಸೆ ಹಿಟ್ಟನ್ನು ಹೊರಗೆ ಇಟ್ಟು ಮರೆತದ್ದು ಯಾರು? ಹುಳಿ ಬಂದ ವಾಸನೆ ಇಲ್ಲಿಯ ತನಕ ಬರುತ್ತಿದೆಯಲ್ಲ” ಎಂದರು. ಮನೆಯಲ್ಲಿ ಆ ದಿನ ದೋಸೆ ಹಿಟ್ಟು ಇರಲೇ ಇಲ್ಲ. ಹುಳಿ ಬಂದದ್ದು ನನ್ನ ಗೋಂದು. ನಮ್ಮ ಸೆಖೆಯಲ್ಲಿ ಅದು ಒಂದೇ ರಾತ್ರಿಯಲ್ಲಿ ಹುದುಗುತ್ತದೆ. ಹುದುಗಿದ ಗೋಂದಿನಲ್ಲಿ ತಾನಾಗಿಯೇ ಹುಟ್ಟಿದ ಹುಳಿ ಬೇರೆ, ನಾನು ಎಣಿಸಿ ಹಾಕಿದ ಆಮ್ಲ ಬೇರೆ. ನನ್ನ ಹನಿಯ ಲೆಕ್ಕವೆಲ್ಲ ಆ ಬಾಟಲಿಯೊಳಗೆ ದಿನದಿನಕ್ಕೂ ಬದಲಾಗುತ್ತಿತ್ತು.

ಹೊಸ ಗೋಂದು ಕಲಸಿ, ತೆಳು ಬಟ್ಟೆಯಲ್ಲಿ ಸೋಸಿ, ಕೆಡದಂತೆ ಒಂದು ಹನಿ ಲವಂಗದ ಎಣ್ಣೆ ಬೆರೆಸಿ ಮರುದಿನ ಮತ್ತೆ ಹಚ್ಚಿದೆ. ಅರ್ಧ ಗೆದ್ದೆ. ಉಳಿದ ಅರ್ಧ ತಿಳಿದದ್ದು ಕಲ್ಲಿನ ಮೇಲೆ ಅಂಗೈ ಇಟ್ಟಾಗ. ಹಚ್ಚಿ ಆರು ಗಂಟೆಯಾದರೂ ಗೋಂದು ಹಲಸಿನ ಮೇಣದಂತೆ ಅಂಗೈಗೆ ಅಂಟುತ್ತಿತ್ತು. ಕಲ್ಲಿನ ಬಿಳಿ ಜಾಗ ಮಸಿಯನ್ನು ದೂರವಿಡುವುದು ಆಮ್ಲದ ಬಲದಿಂದಲ್ಲ, ಗೋಂದಿನ ತೆಳುಪೊರೆಯ ಬಲದಿಂದ. ಆ ಪೊರೆ ಪೂರ್ತಿ ಒಣಗಿ ಕಲ್ಲಿಗೆ ಕಚ್ಚಿಕೊಂಡರೆ ಮಾತ್ರ ಸ್ಪಂಜಿನ ನೀರಿಗೂ ಜಗ್ಗದೆ ನಿಲ್ಲುತ್ತದೆ. ಒಣಗದ ಪೊರೆಯನ್ನು ಮೊದಲ ಒದ್ದೆ ಸ್ಪಂಜೇ ಎತ್ತಿಕೊಂಡು ಹೋಗುತ್ತದೆ. ಅದರಲ್ಲೂ ಮೊದಲು ಹೋಗುವುದು ಇಕ್ಕಟ್ಟಾದ ಜಾಗದ ಪೊರೆ, ಅಂದರೆ ‘ಧ’ದ ಹೊಟ್ಟೆ.

ಬಿಸಿಲಿಲ್ಲದ ಊರಿನಲ್ಲಿ ಒಣಗಿಸುವುದು ಹೇಗೆ? ಕೆಂಡದ ಮೇಲೆ ಹಿಡಿದರೆ ಬರಹದ ಜಿಡ್ಡು ಕರಗಿ ಹರಿಯುತ್ತದೆ, ಕಲ್ಲೂ ಸಿಡಿಯಬಹುದು. ಮಳೆಗಾಲದಲ್ಲಿ ಕೊಬ್ಬರಿ ಒಣಗಿಸುವವರ ಬುದ್ಧಿಯನ್ನೇ ನಾನು ಅನುಸರಿಸಿದೆ. ಅಡುಗೆಮನೆಯ ಸೌದೆ ಒಲೆಯ ಹಿಂದಿನ ಗೋಡೆಗೆ ತಾಗಿದ ಸಣ್ಣ ಕೋಣೆಯಲ್ಲಿ ಇಪ್ಪತ್ತೆರಡು ಕಿಲೋ ತೂಕದ ಕಲ್ಲನ್ನು ಮಣೆಯ ಮೇಲಿಟ್ಟು, ಗೋಂದನ್ನು ಹಚ್ಚಿ, ಹಳೆಯ ಮಲ್ಲು ಬಟ್ಟೆಯಿಂದ ಅಂಗೈ ಜಾರುವಷ್ಟು ತೆಳುವಾಗಿ ತಿಕ್ಕಿ, ಬೀಸಣಿಗೆಯಿಂದ ಬೀಸಿದೆ. ಬೆಳಗಿನ ಗಂಜಿ ಬೇಯುವಷ್ಟರಲ್ಲಿ ಪೊರೆ ಗಾಜಿನಂತೆ ಒಣಗಿತ್ತು. ಅಂದೇ ಮಧ್ಯಾಹ್ನ ಹದಿನೆಂಟು ಹಾಳೆ ತೆಗೆದೆ. ಹದಿನೆಂಟನೆಯದರಲ್ಲಿಯೂ ಸೀಳು ಸೀಳಾಗಿಯೇ ಇತ್ತು.

ಹಾಳೆಗಳನ್ನು ದಾರಕ್ಕೆ ನೇತುಹಾಕಿ, ನನ್ನಲ್ಲಿರುವ ಹಳೆಯ ಕಲ್ಲಚ್ಚಿನ ಪುಟಗಳ ಚಿತ್ರಗಳನ್ನು ದೊಡ್ಡದು ಮಾಡಿ ಪಕ್ಕದಲ್ಲಿಟ್ಟು ನೋಡಿದೆ. ಆ ಬರಹದಲ್ಲಿ ಅಕ್ಷರದ ಹೊಟ್ಟೆಗಳು ಧಾರಾಳವಾಗಿ ಅಗಲ. ಹಿಂದೆ ಇದನ್ನು ಬರೆದವರ ಶೈಲಿಯೆಂದು ತಿಳಿದಿದ್ದೆ. ಮಸಿ ತುಂಬುವುದೆಂದು ಗೊತ್ತಿದ್ದ ಕೈ ಮೊದಲೇ ಅದಕ್ಕೆ ಜಾಗ ಬಿಟ್ಟಿತ್ತೆಂದು ಈಗ ನನಗೆ ಅನ್ನಿಸುತ್ತದೆ. ಪತ್ರಿಕೆ ಮರುವರ್ಷ, 1844ರಲ್ಲಿ, ಬಳ್ಳಾರಿಯ ಮೊಳೆಯಚ್ಚಿಗೆ ಹೋಗಿ ‘ಕನ್ನಡ ಸಮಾಚಾರ’ ಆದದ್ದರ ಹಿಂದಿನ ಆಯಾಸವೂ ನನಗೆ ಈಗ ತೋಳಿನಲ್ಲಿಯೇ ಅರ್ಥವಾಗುತ್ತದೆ. ಅದೇ ವರ್ಷ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರ ಕ್ರೈಸ್ತ ದೀಕ್ಷಾಸ್ನಾನದಿಂದ ಊರು ಕದಡಿಹೋಗಿ, ಮಿಶನ್ನಿನವರ ಮೇಲೆ ಅನೇಕ ಮನೆಗಳ ಬಾಗಿಲು ಮುಚ್ಚಿದ ಸಮಯ. ಮನುಷ್ಯರ ಮನಸ್ಸಿನೊಂದಿಗೆ ಹಗಲು ಹೆಣಗಿ, ಸಂಜೆ ಬಂದು ಕಲ್ಲಿನೊಂದಿಗೂ ಹೆಣಗಿದ ಅವರ ಮೇಲೆ ನನಗೆ ಅಪಾರ ಪ್ರೀತಿ ಹುಟ್ಟಿದೆ. ಇಷ್ಟಾದರೂ ಮೊಗ್ಲಿಂಗ್ ಕಲ್ಲನ್ನು ಬಿಡಲಿಲ್ಲ. 1850ರಲ್ಲಿ ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರೂ ಅವರೇ. ಸುವಾರ್ತೆ ಸಾರಲು ಬಂದವರೊಬ್ಬರು ಪುರಂದರದಾಸರ ಪದಗಳನ್ನು ಅಷ್ಟು ಶ್ರದ್ಧೆಯಿಂದ ಉಳಿಸಿಕೊಟ್ಟರೆಂಬುದು ನನಗೆ ಇಂದಿಗೂ ಮೈ ಜುಮ್ಮೆನ್ನಿಸುವ ಸಂಗತಿ.

ಗೋಂದು ಒಣಗುವುದನ್ನು ಕಾಯುತ್ತ ಕುಳಿತಾಗ ಮುಂದಿನ ಕೆಲಸವೂ ನಿಶ್ಚಯವಾಯಿತು. ಇದೇ ‘ಧನ್ಯರು’ ಪುಟವನ್ನು ತುಳುವಿನಲ್ಲಿ ತೆಗೆಯಬೇಕು. ಗ್ರೈನರ್ ಮತ್ತು ಅವರ ಜೊತೆಯವರ ತುಳು ಹೊಸ ಒಡಂಬಡಿಕೆ 1847ರಲ್ಲಿ ಕಲ್ಲಚ್ಚಿನಲ್ಲಿಯೇ ಪೂರ್ತಿಯಾಯಿತು, ಮತ್ತು ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕುವ ರೂಢಿ ಆ ಕೆಲಸದಿಂದಲೇ ಬೇರೂರಿತು. ತುಳುವಿನ ಪದಾಂತ್ಯದಲ್ಲಿ ಬರುವ ಅರೆ ಉಕಾರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. 1872ರ ಬ್ರಿಗಲ್ ವ್ಯಾಕರಣವನ್ನೂ 1886ರ ಮೆನ್ನರ್ ನಿಘಂಟನ್ನೂ ತಿರುವಿ, ಆ ಉಲಿಯನ್ನು ನನ್ನ ಬರಹದಲ್ಲಿ ಹೇಗೆ ಕಾಣಿಸಬೇಕೆಂದು ಟಿಪ್ಪಣಿ ಮಾಡಿಕೊಳ್ಳತೊಡಗಿದ್ದೇನೆ. ಅದಕ್ಕೆ ಬೇರೆ ಕಲ್ಲು ಬೇಕು. ಶಹಾಬಾದ್ ಹಾಸುಗಲ್ಲಿನಲ್ಲಿ ಮಾಡಿದ ಪರೀಕ್ಷೆ ಗೆಲ್ಲಲಿಲ್ಲ. ಒಂದು ಪದರ ಆಮ್ಲವನ್ನು ಕುಡಿಯುತ್ತದೆ, ಪಕ್ಕದ ಪದರ ಉಗುಳುತ್ತದೆ. ಹಳೆಯ ಲೇಬಲ್ ಮುದ್ರಣಾಲಯವೊಂದರಿಂದ ಬಂದ ನನ್ನ ಬವೇರಿಯದ ಕಲ್ಲಿಗೆ ಜೊತೆಗಾರನನ್ನು ಹುಡುಕುತ್ತಿದ್ದೇನೆ.

ಒಂಬತ್ತನೆಯ ‘ಧ’ದ ಮಾತು ಉಳಿಯಿತು. ಅದು ಪುಟದ ಕೊನೆಯ ಸಾಲಿನಲ್ಲಿ, ಬಲ ಅಂಚಿಗೆ ಬರುತ್ತದೆ. ನಿನ್ನೆ ರಾತ್ರಿ ಯಂತ್ರವನ್ನು ಬಿಚ್ಚಿ ನೋಡಿದಾಗ, ಒತ್ತುಪಟ್ಟಿಗೆ ಹೊದಿಸಿದ ಚರ್ಮ ಆ ತುದಿಯಲ್ಲಿ ಸವೆದು ಜೋಲುಬಿದ್ದಿರುವುದು ಕಂಡಿತು. ಒತ್ತಡ ಅಲ್ಲಿ ಮಸಿಯನ್ನು ಕಾಗದಕ್ಕೆ ಕೂರಿಸುವ ಬದಲು ಬದಿಗೆ ತಳ್ಳುತ್ತಿದೆ. ಚಪ್ಪಲಿ ಹೊಲಿಯುವವರ ಬಳಿ ಎರಡು ಬೆರಳು ಅಗಲದ ಗಟ್ಟಿ ಚರ್ಮಕ್ಕೆ ಹೇಳಿ ಬಂದಿದ್ದೇನೆ, ಗುರುವಾರ ಸಿಗುತ್ತದೆ. ಅಲ್ಲಿಯ ತನಕ ಕಲ್ಲು ಗೋಂದು ಹೊದ್ದುಕೊಂಡು ಒಲೆಯ ಹಿಂದಿನ ಕೋಣೆಯಲ್ಲಿದೆ.