ಸೈನಿಕರಿಗೆ ಗೌರವ ತೋರಿಸುವುದು ಹೇಗೆ? ಮೊದಲು ಅವರ ರಜೆ ಉಳಿಸಿ

ಜುಲೈ 26ರ ಕಾರ್ಗಿಲ್ ವಿಜಯ ದಿವಸವೋ ಡಿಸೆಂಬರ್ 7ರ ಧ್ವಜ ದಿನವೋ ಹತ್ತಿರ ಬಂತೆಂದರೆ ಕಾಲೇಜು ಹುಡುಗ ಹುಡುಗಿಯರು ಒಂದೇ ಪ್ರಶ್ನೆ ಕೇಳುತ್ತಾರೆ: "ಸೈನಿಕರಿಗೆ ಗೌರವ ತೋರಿಸೋಕೆ ನಾವೇನು ಮಾಡಬಹುದು?" ಕೇಳುವಾಗಲೇ ಅರ್ಧ ಉತ್ತರ ಅವರ ಬಾಯಲ್ಲಿರುತ್ತದೆ. ಮೇಣದಬತ್ತಿ ಮೆರವಣಿಗೆ, ಬೈಕ್ ರ‍್ಯಾಲಿ, ಸ್ಟೇಟಸ್. ಮಾಡಿ, ತಕರಾರಿಲ್ಲ. ಆದರೆ ಮಿಲಿಟ್ರಿಯವರ ಮನೆಗಳಲ್ಲಿ ಸದಾ ಕಡಿಮೆ ಬೀಳುವುದು ದಿನಗಳು.

ಸೇನೆಯ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ಕೇಳಲು ಧಾರಾಳವಾಗಿಯೇ ಇದೆ. ತುಕಡಿಯ ಅಗತ್ಯ ನೋಡಿಕೊಂಡು ಅದು ತುಂಡು ತುಂಡಾಗಿ ಸಿಗುತ್ತದೆ. ಊರಿಗೆ ಬಂದ ಮೇಲೆ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ಹೊಲದ ಹದ್ದುಬಸ್ತು (ಅಳತೆ ಮಾಡಿ ಗಡಿ ಗುರುತಿಸುವುದು), ಬ್ಯಾಂಕು, ಮಗುವಿನ ಶಾಲೆ, ಅಪ್ಪನ ಆಸ್ಪತ್ರೆ ಎಲ್ಲ ಸಾಲಾಗಿ ಕಾದಿರುತ್ತವೆ. "ನಾಳೆ ಬನ್ನಿ" ಎಂಬ ಮಾತಿಗೆ ನಮ್ಮಲ್ಲಿ ಒಂದು ದಿನದ ಬೆಲೆ. ರಜೆ ಮುಗಿಯಲು ಎರಡೇ ದಿನ ಉಳಿದವನಿಗೆ ಅದು ಇನ್ನೊಂದು ವರ್ಷ.

ಹದ್ದುಬಸ್ತನ್ನೇ ನೋಡಿ. ಅರ್ಜಿ ಕೊಟ್ಟ ಮೇಲೆ ಸರ್ವೇಯರ್ ದಿನ ಗೊತ್ತುಮಾಡಿ ಅಕ್ಕಪಕ್ಕದ ಹೊಲದವರಿಗೆ ನೋಟಿಸ್ ಕಳಿಸುತ್ತಾರೆ. ಕೆಲಸ ಕೆಡುವುದು ಸಾಮಾನ್ಯವಾಗಿ ಎರಡು ಕಡೆ: ಅಳತೆಯ ದಿನ ರಜೆಯ ಆಚೆಗೆ ಬೀಳುತ್ತದೆ, ಇಲ್ಲವೇ ಪಕ್ಕದವನು ಬೇಕೆಂದೇ ತಪ್ಪಿಸಿಕೊಳ್ಳುತ್ತಾನೆ. ಆದ್ದರಿಂದ ಸೈನಿಕ ಊರಿಗೆ ಬರುವುದಕ್ಕೆ ತಿಂಗಳುಗಳ ಮೊದಲೇ ಮನೆಯವರಿಂದ ಅರ್ಜಿ ಹಾಕಿಸಬೇಕು. ಸರ್ಕಾರಿ ಸೇವೆಗೆ ಗಡುವು ಹಾಕಿರುವ ಸಕಾಲ ಕಾಯ್ದೆಯ ವ್ಯಾಪ್ತಿಯ ಸೇವೆಯಾದರೆ 15 ಅಂಕಿಯ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಉಂಟು. ಹಣ ಅಷ್ಟಕ್ಕಷ್ಟೇ, ಆದರೆ ಆ ಸಂಖ್ಯೆಯಿಲ್ಲದೆ ಮೇಲ್ಮನವಿಗೆ ಬುಡವೇ ಇರುವುದಿಲ್ಲ. ಇನ್ನು ಪಕ್ಕದ ಹೊಲ ನಿಮ್ಮದೇ ಆಗಿದ್ದರೆ ಅಳತೆಯ ದಿನ ಹೋಗಿ ನಿಂತು ಸಹಿ ಹಾಕಿ. ಸ್ಟೇಟಸ್‌ನಲ್ಲಿ ಜೈ ಜವಾನ್, ಬದುವಿನಲ್ಲಿ ಒತ್ತುವರಿ ಎನ್ನುವವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ.

ವ್ಯಾಜ್ಯ ಕೋರ್ಟಿಗೆ ಹೋಗಿದ್ದರೆ 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ನೆನಪಿರಲಿ. ಯುದ್ಧದ ಅಥವಾ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನಿಗೆ ಬರಲಾಗದಿದ್ದಾಗ, ಅವನ ಪರ ಯಾರೂ ಹಾಜರಿಲ್ಲದಿದ್ದಾಗ, ವಿಚಾರಣೆಯನ್ನು ಮುಂದೂಡಿಸಲು ಅದರಲ್ಲಿ ದಾರಿಯಿದೆ. ಇದಕ್ಕೆ ನಿಗದಿತ ಸೇನಾ ಅಧಿಕಾರಿಯ ಪ್ರಮಾಣಪತ್ರ ಬೇಕು. ಪಕ್ಷಗಾರ ಸೈನಿಕನೆಂಬುದೇ ನ್ಯಾಯಾಲಯಕ್ಕೆ ತಿಳಿಯದೆ ಏಕಪಕ್ಷೀಯ ತೀರ್ಪು ಬಂದುಬಿಟ್ಟರೆ ಅದನ್ನು ರದ್ದು ಮಾಡಿಸಲು ಮತ್ತೊಂದು ಸುತ್ತು ಅಲೆದಾಟ. ಮನೆಗೆ ಸಮನ್ಸ್ ಬಂದಾಗ ಓದಿ ಹೇಳುವವರಿಲ್ಲದೆ ಅದು ದೇವರ ಫೋಟೋ ಹಿಂದೆ ಸೇರುತ್ತದೆ. ಓದಿ ಹೇಳಿ, ತುಕಡಿಗೆ ಫೋಟೋ ಕಳಿಸಿ. 2025ರ ಜುಲೈ 26ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಆರಂಭಿಸಿದ ವೀರ ಪರಿವಾರ ಸಹಾಯತಾ ಯೋಜನೆ ಇಂಥ ಕುಟುಂಬಗಳಿಗೇ ಮೀಸಲು. ಸೈನಿಕ ಕಲ್ಯಾಣ ಕಚೇರಿಗಳಲ್ಲಿ ಉಚಿತ ಕಾನೂನು ನೆರವು ಕೊಡಿಸುವುದು ಅದರ ಉದ್ದೇಶ.

ನಿವೃತ್ತರಿಗೆ ನಿಮ್ಮ ಕೈಯಲ್ಲಿರುವ ಫೋನೇ ಸಾಕು. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್ ಎರಡೂ ಆ್ಯಪ್ ಹಾಕಿಕೊಳ್ಳಿ. ಆಪರೇಟರ್ ಆಗಿ ಮೊದಲು ನಿಮ್ಮ ಆಧಾರ್, ನಿಮ್ಮ ಮುಖ. ಆಮೇಲೆ ಅಜ್ಜನ ಆಧಾರ್, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಬ್ಯಾಂಕ್ ಖಾತೆ. ಭೂಸೇನೆಯ ಪಿಂಚಣಿ ಸ್ಪರ್ಶ್ (ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಮೂಲಕ ಬರುತ್ತಿದ್ದರೆ ಮಂಜೂರಾತಿ ಪ್ರಾಧಿಕಾರದ ಜಾಗದಲ್ಲಿ ಡಿಫೆನ್ಸ್ – ಪಿಸಿಡಿಎ (ಪಿ) ಅಲಹಾಬಾದ್, ವಿತರಣೆಯ ಜಾಗದಲ್ಲಿ ಸ್ಪರ್ಶ್ – ಪಿಸಿಡಿಎ (ಪೆನ್ಶನ್ಸ್) ಅಲಹಾಬಾದ್ ಆರಿಸಬೇಕು. ಹಣ ಬ್ಯಾಂಕಿಗೆ ತಾನೇ ಬರುವುದು ಎಂದುಕೊಂಡು ವಿತರಣೆಯ ಜಾಗದಲ್ಲಿ ಬ್ಯಾಂಕಿನ ಹೆಸರು ಒತ್ತುವವರೇ ಹೆಚ್ಚು. ಆಗ ಪ್ರಮಾಣಪತ್ರ ಹುಟ್ಟುತ್ತದೆ, ತಲುಪಬೇಕಾದಲ್ಲಿಗೆ ತಲುಪುವುದಿಲ್ಲ. ಮುಖದ ಮೇಲೆ ಬೆಳಕು ಬೀಳುವಂತೆ ಕೂರಿಸಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ಆ್ಯಪ್ ಒಪ್ಪದು. ಓಟಿಪಿ ಅಜ್ಜನ ಫೋನಿಗೇ ಹೋಗುತ್ತದೆ, ಅದರಲ್ಲಿ ಚಾರ್ಜ್ ಇದೆಯೇ ಎಂದು ಮೊದಲೇ ನೋಡಿ.

ದುಡ್ಡು ಕೊಡುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಭೂಸೇನೆ, ನೌಕಾಪಡೆ, ವಾಯುಪಡೆ ರಕ್ಷಣಾ ಸಚಿವಾಲಯದ ಕೆಳಗಿವೆ. ಇವರ ಕುಟುಂಬಗಳಿಗೂ ಮಾಜಿ ಸೈನಿಕರಿಗೂ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿ ಇದೆ. ಧ್ವಜ ದಿನದ ಆಚರಣೆ ನಡೆಯುತ್ತಿರುವುದು 1949ರಿಂದ. ಸಿಆರ್‌ಪಿಎಫ್, ಬಿಎಸ್‌ಎಫ್ ಗೃಹ ಸಚಿವಾಲಯದವು. ಅವರಿಗೆ 2017ರಲ್ಲಿ ಶುರುವಾದ ಭಾರತ್ ಕೆ ವೀರ್ ಎಂಬ ದೇಣಿಗೆ ಜಾಲತಾಣ. ಅಲ್ಲಿ ಒಬ್ಬ ಯೋಧನ ಕುಟುಂಬದ ಹೆಸರಿಗೆ ಬರುವ ದೇಣಿಗೆಗೆ 15 ಲಕ್ಷ ರೂಪಾಯಿಯ ಮಿತಿಯಿದೆ. ಸೇನೆಯ ಆಧುನೀಕರಣಕ್ಕೆ ದೇಣಿಗೆ ಕೊಡಿ ಎಂದು ಖಾತೆ ಸಂಖ್ಯೆ ಸಮೇತ ಹರಿದಾಡುವ ವಾಟ್ಸ್‌ಆ್ಯಪ್ ಸಂದೇಶ ದಾರಿ ತಪ್ಪಿಸುವಂಥದ್ದು ಎಂದು ರಕ್ಷಣಾ ಸಚಿವಾಲಯ 2025ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತ್ತು. ಮಿಲಿಟ್ರಿ ಗುರುತಿನ ಚೀಟಿಯ ಫೋಟೋ ಕಳಿಸಿ ಬೈಕ್ ಮಾರುವವರು, ಮನೆ ಬಾಡಿಗೆ ಕೇಳುವವರು ಕೂಡ ನಮ್ಮ ಗೌರವವನ್ನೇ ಬಂಡವಾಳ ಮಾಡಿಕೊಂಡವರು. "ಹಣ ಕಳಿಸ್ತೀನಿ, ಸ್ಕ್ಯಾನ್ ಮಾಡಿ" ಎಂದರೆ ಅಲ್ಲಿಗೇ ನಿಲ್ಲಿಸಿ. ಹಣ ಪಡೆಯಲು ಯುಪಿಐ ಪಿನ್ ಬೇಡ.

ಸೇನಾ ವಾಹನಗಳ ಸಾಲು ಹೋಗುವಾಗ ವಿಡಿಯೋ ಮಾಡಿ ಜಾಗದ ಹೆಸರಿನೊಂದಿಗೆ ಹಾಕುವುದು ಅಭಿಮಾನವೆಂದು ಹಲವರ ಎಣಿಕೆ. ಮುಂಬೈ ದಾಳಿಯ ವೇಳೆ ಟಿವಿಗಳ ನೇರ ಪ್ರಸಾರ ಭದ್ರತಾ ಪಡೆಗಳ ಕೆಲಸವನ್ನು ಹೆಚ್ಚು ಅಪಾಯಕಾರಿ ಮಾಡಿತು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಕಟುವಾಗಿ ಹೇಳಿದೆ. ಈಗ ಪ್ರತಿ ಫೋನೂ ಒಂದು ಚಾನೆಲ್.

ಊರಿಗೆ ಪಾರ್ಥಿವ ಶರೀರ ಬರುವ ದಿನದ ಬಗ್ಗೆಯೂ ಹೇಳಬೇಕು. ಮುಂದೆ ನೂರಾರು ಬೈಕುಗಳ ಹಾರನ್, ದಾರಿಯುದ್ದಕ್ಕೂ ಜನ. ಬೆಳಿಗ್ಗೆ ಮನೆ ಮುಟ್ಟಬೇಕಾದ ಗಾಡಿ ಮಧ್ಯಾಹ್ನ ದಾಟಿಸಿ ಬರುತ್ತದೆ, ಮನೆಯವರಿಗೆ ಕಡೆಯದಾಗಿ ಸಿಗುವುದು ಕೆಲವೇ ನಿಮಿಷ. ಯುವಕರು ರಸ್ತೆ ಬಿಡಿಸಲು ನಿಂತರೆ ಆ ನಿಮಿಷಗಳು ಗಂಟೆಯಾದಾವು. ಪೆಟ್ಟಿಗೆಯ ಮೇಲೆ ಧ್ವಜದ ಕೇಸರಿ ತಲೆಯ ಕಡೆಗಿರಬೇಕು. ಧ್ವಜವನ್ನು ಚಿತೆಯಲ್ಲಿ ಸುಡುವಂತಿಲ್ಲ, ಗುಂಡಿಗೆ ಇಳಿಸುವಂತಿಲ್ಲ. ತೆಗೆದು, ಮಡಚಿ, ಮನೆಯವರ ಕೈಗೆ ಕೊಡುತ್ತಾರೆ.

ಅದಾದ ಮೇಲೆ ಕಾಗದಗಳು. ಹೆಂಡತಿ ಮಕ್ಕಳ ಹೆಸರು ಸೇನೆಯ ದಾಖಲೆಗೆ ಸೇರುವುದು ಪಾರ್ಟ್ ಟೂ ಆರ್ಡರ್ ಮೂಲಕ. ಆಧಾರ್‌ನಲ್ಲಿ ತವರಿನ ಹೆಸರು, ಸೇನೆಯಲ್ಲಿ ಮದುವೆಯ ನಂತರದ ಹೆಸರು, ಬ್ಯಾಂಕಿನಲ್ಲಿ ಇನಿಷಿಯಲ್ ಮಾತ್ರ ಇದ್ದರೆ ಕುಟುಂಬ ಪಿಂಚಣಿ ಅಲ್ಲೇ ಸಿಕ್ಕಿಬೀಳುತ್ತದೆ. ಆ ಮೂರನ್ನೂ ಮೇಜಿನ ಮೇಲಿಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಎಲ್ಲಿ ತಿದ್ದಬೇಕೆಂದು ಚೀಟಿ ಬರೆದು, ಆಕೆಯ ಜೊತೆ ಸೈನಿಕ ಕಲ್ಯಾಣ ಕಚೇರಿಗೆ ಹೋಗಲು ಓದಿದವರೊಬ್ಬರು ಬೇಕು. ಈ ಕೆಲಸವನ್ನು ಸೈನಿಕ ರಜೆಯಲ್ಲಿದ್ದಾಗಲೇ ಮಾಡಿಸಿದರೆ ಇನ್ನೂ ಒಳ್ಳೆಯದು.